2:17ಕ್ಕೆ ಬಂದ ಫಾರ್ವರ್ಡ್

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ‘ತೊಟ್ಟಿ ಮನೆ’ ಅಂತ ಹೆಸರು. ಆ ಮನೆ ಮಾರಿ ಹದಿನೈದು ವರ್ಷ ಆಯಿತು, ಹೆಸರು ಮಾತ್ರ ಉಳಿದಿದೆ. 2025ರ ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಚನ್ನರಾಯಪಟ್ಟಣದ ದೊಡ್ಡಪ್ಪ ಒಂದು ಫಾರ್ವರ್ಡ್ ಕಳಿಸಿದ್ದರು.

“ನೀವು ಒಬ್ಬರೇ ಇದ್ದಾಗ ಹೃದಯಾಘಾತ ಆದರೆ ಏನು ಮಾಡಬೇಕು? ಗಾಬರಿಯಾಗಬೇಡಿ. ಉಸಿರನ್ನು ಆಳವಾಗಿ ಎಳೆದು ಜೋರಾಗಿ ಕೆಮ್ಮಿ. ಕೆಮ್ಮುತ್ತಲೇ ಇರಿ. ಜೀವ ಉಳಿಯುತ್ತದೆ. ಎಲ್ಲರಿಗೂ ಕಳಿಸಿ.”

ಆಗ ಹಾಸನ ಜಿಲ್ಲೆಯ ಸುದ್ದಿಯೇ ಎಲ್ಲರ ಬಾಯಲ್ಲಿ. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಟಿವಿಯಲ್ಲಿ ದಿನಾ ಲೆಕ್ಕ ಬರುತ್ತಿತ್ತು. ಚಿಕ್ಕ ವಯಸ್ಸಿನವರ ಫೋಟೋಗಳನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಉದ್ದನೆಯ ಸಾಲು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೂ ಜನ ಹೀಗೇ ಆಸ್ಪತ್ರೆಗೆ ಓಡಿದ್ದರು. ದೊಡ್ಡಪ್ಪನಿಗೆ ಎಪ್ಪತ್ತನಾಲ್ಕು. ಇರುವುದು ಅದೇ ಜಿಲ್ಲೆಯಲ್ಲಿ. ದೊಡ್ಡಮ್ಮ ಹೋದ ಮೇಲೆ ಒಬ್ಬರೇ. ಇದೆಲ್ಲ ಗೊತ್ತಿದ್ದೂ ಅವತ್ತು ನಮಗೆ ಯಾರಿಗೂ ಏನೂ ಹೊಳೆಯಲಿಲ್ಲ.

ಮೊದಲು ಶುರು ಮಾಡಿದವನು ಬೆಂಗಳೂರಿನ ಪುಟ್ಟ, ಚಿಕ್ಕಪ್ಪನ ಮಗ.

ಪುಟ್ಟ: “ದೊಡ್ಡಪ್ಪ, ಇದಕ್ಕೆ ಮೂಲ ಯಾವುದು? ಯಾವ ಡಾಕ್ಟರ್ ಹೇಳಿದ್ದು?”

ದೊಡ್ಡಪ್ಪ: “ವಾಕಿಂಗ್ ಗೆಳೆಯರ ಗುಂಪಿನಲ್ಲಿ ಬಂತು ಕಣಪ್ಪ. ಉಪಯೋಗ ಆಗಬಹುದು ಅಂತ ಹಾಕಿದೆ.”

ಪುಟ್ಟ: “ಇದು 1999ರಿಂದ ಇಮೇಲ್‌ನಲ್ಲಿ ಓಡಾಡಿದ ಸುಳ್ಳು. ಅಮೆರಿಕದ ರೋಚೆಸ್ಟರ್ ಜನರಲ್ ಆಸ್ಪತ್ರೆ ಹೆಸರು ಹಾಕಿ ಹಬ್ಬಿಸಿದರು. ಆ ಆಸ್ಪತ್ರೆಯೇ ಇದು ನಮ್ಮದಲ್ಲ ಅಂದಿದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಇದನ್ನು ಒಪ್ಪಲ್ಲ. ಕೆಮ್ಮುತ್ತಾ ಕೂತರೆ ಆಸ್ಪತ್ರೆಗೆ ಹೋಗುವ ಹೊತ್ತು ಹಾಳು. ದಯವಿಟ್ಟು ಡಿಲೀಟ್ ಮಾಡಿ.”

ಪುಟ್ಟ ಹೇಳಿದ್ದು ಸರಿ. ನಾನೂ ಅದಕ್ಕೆ ಹೆಬ್ಬೆರಳು ಒತ್ತಿ ಸ್ನಾನಕ್ಕೆ ಹೋದೆ. ವಾಪಸ್ ಬರುವಷ್ಟರಲ್ಲಿ ಮೂವತ್ತು ಮೆಸೇಜ್.

ಶಿವಮೊಗ್ಗ ಚಿಕ್ಕಪ್ಪ: “ಪುಟ್ಟ, ಹಿರಿಯರಿಗೆ ಡಿಲೀಟ್ ಮಾಡಿ ಅನ್ನೋದು ಯಾವ ಸಂಸ್ಕಾರ? ಅಣ್ಣ, ನಿನಗೂ ಒಂದು ಮಾತು. ಹುಟ್ಟಿದವರು ಹೋಗಲೇಬೇಕು. ಈ ವಯಸ್ಸಿನಲ್ಲಿ ಸಾವಿನ ಭಯ ಯಾಕೆ? ಟಿವಿ ಆರಿಸು, ದೇವರ ಹೆಸರು ಹೇಳು. ಭಯ ತಾನಾಗೇ ಹೋಗುತ್ತೆ.”

ಪುಟ್ಟ: “ಅಪ್ಪ, ನಾನು ಸಂಸ್ಕಾರದ ವಿಷಯ ಮಾತಾಡ್ತಿಲ್ಲ. ಮೂಲ ಕೇಳಿದೆ ಅಷ್ಟೆ.”

ಚಿಕ್ಕಪ್ಪ: “ಎಲ್ಲಕ್ಕೂ ಮೂಲ ಕೇಳ್ತೀಯ. ಮನೆ ಮಾರುವಾಗ ಮಾತ್ರ ಯಾವ ಕಾಗದವನ್ನೂ ಓದಲಿಲ್ಲ.”

ಅಷ್ಟರಲ್ಲಿ ಅರಸೀಕೆರೆ ಅಕ್ಕ ಬಂದಳು. ಅವಳಿಗೆ ಯಾವ ಮಾತು ಎತ್ತಿದರೂ ಹಳೇ ಮನೆಯೇ ನೆನಪಾಗುವುದು.

“ಅಜ್ಜಿಗೆ ಈ ಭಯ ಇರಲೇ ಇಲ್ಲ ನೋಡಿ. ತನ್ನ ಕೊನೆ ಸೀರೆಯನ್ನು ತಾನೇ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದರು, ನೆನಪಿದೆಯಾ? ಮಧ್ಯೆ ಬೇವಿನ ಎಲೆ. ಸೆರಗಿನಲ್ಲಿ ದುಡ್ಡಿನ ಗಂಟು. ‘ನನ್ನ ಖರ್ಚು ನಾನೇ ಇಟ್ಟಿದ್ದೀನಿ, ಯಾರ ಮುಂದೆಯೂ ಕೈ ಚಾಚಬೇಡಿ’ ಅನ್ನೋರು. ವರ್ಷಕ್ಕೊಮ್ಮೆ ಅದನ್ನು ಹಿತ್ತಲಲ್ಲಿ ಬಿಸಿಲಿಗೆ ಹಾಕೋರು. ನಾವು ಅದರ ಕೆಳಗೆ ಕಣ್ಣಾಮುಚ್ಚಾಲೆ ಆಡ್ತಿದ್ದೆವು.”

ನನಗೆ ನೆನಪಿದೆ. ಕಂದು ಅಂಚಿನ ಹತ್ತಿ ಸೀರೆ. ಅದರ ಕೆಳಗೆ ನುಗ್ಗಿದರೆ ಬೇವಿನ ವಾಸನೆ, ತಣ್ಣಗಿನ ನೆರಳು. ಅದು ಏನಕ್ಕೆ ಅಂತ ಗೊತ್ತಿದ್ದರೂ ಯಾರೂ ನಮ್ಮನ್ನು ಆಚೆ ಓಡಿಸುತ್ತಿರಲಿಲ್ಲ. ದೇವಸ್ಥಾನದಿಂದ ಹೊರಗೆ ಬಂದ ಮೇಲೆ ಅಜ್ಜಿ ಜಗಲಿಯ ಮೇಲೆ ಒಂದು ಗಳಿಗೆ ಕೂತು, ಅನಾಯಾಸ ಮರಣ ಕೊಡಪ್ಪ ಅಂತ ಬೇಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತು ನಾವು ಪ್ರಸಾದದ ಬಾಳೆಹಣ್ಣು ತಿನ್ನುತ್ತಿದ್ದೆವು.

ಅಕ್ಕನ ಮಾತಿಗೆ ಹತ್ತು ಜನ ಕೈ ಮುಗಿದರು. ಆಮೇಲೆ ಮೈಸೂರು ಅತ್ತೆ ಒಂದು ಮಾತು ಹಾಕಿದರು.

“ಅಮ್ಮ ಕಾಶಿಯಿಂದ ಗಂಗೆಯ ಗಿಂಡಿ ಎರಡು ತಂದಿದ್ದರು. ಒಂದನ್ನು ಅವರ ಬಾಯಿಗೇ ಬಿಟ್ಟೆವು. ಇನ್ನೊಂದು ನನಗೆ ಅಂದಿದ್ದರು. ಅದು ಚನ್ನರಾಯಪಟ್ಟಣಕ್ಕೆ ಹೇಗೆ ಹೋಯಿತು ಅಂತ ಇವತ್ತಿಗೂ ಯಾರೂ ಹೇಳಿಲ್ಲ.”

ಕೆಮ್ಮಿನ ಮಾತು ಅಲ್ಲಿಗೆ ಮುಗಿಯಿತು. ಗಿಂಡಿ ಯಾರಿಗೆ ಸೇರಬೇಕಿತ್ತು, ಪಾಲಾಗುವ ದಿನ ಟ್ರಂಕಿನ ಬೀಗ ತೆಗೆದವರು ಯಾರು, ಅಂಗೈ ಅಗಲದ ತಾಮ್ರದ ಪಾತ್ರೆಗೆ ಇಷ್ಟು ವರ್ಷ ಆದ ಮೇಲೂ ಯಾಕೆ ಈ ಮಾತು, ಇದೇ ನಡೆಯಿತು. ನಡುವೆ ಯಾರೋ ಲಸಿಕೆಯಿಂದಲೇ ಇಷ್ಟೆಲ್ಲ ಸಾವು ಅಂದರು. ಪುಟ್ಟ ಅದಕ್ಕೂ ಮೂಲ ಕೇಳಿದ. ದೊಡ್ಡಪ್ಪ ಆನ್‌ಲೈನ್ ಇದ್ದರು. ಒಂದಕ್ಷರ ಬರೆಯಲಿಲ್ಲ.

ಚಿಕ್ಕಪ್ಪ: “ಆ ಗಿಂಡಿ ಅತ್ತಿಗೆಗೂ ಬಳಸಲಿಲ್ಲವಲ್ಲ. ಸುಮ್ನೆ ಇಟ್ಟುಕೊಂಡು ಏನು ಬಂತು?”

ಇದಕ್ಕೆ ನ್ಯೂಜೆರ್ಸಿಯಿಂದ ಅಣ್ಣ ಉತ್ತರ ಕೊಟ್ಟ. ಅವನು ದೊಡ್ಡಪ್ಪನ ಒಬ್ಬನೇ ಮಗ.

“ಬಳಸೋಕೆ ಯಾರು ಬಿಟ್ಟರು ಚಿಕ್ಕಪ್ಪ? ಅಮ್ಮನ ಮುಖವನ್ನೇ ತೋರಿಸಲಿಲ್ಲ.”

ಚಿಕ್ಕಪ್ಪ: “ನೀನು ಇಲ್ಲೇ ನಿಂತು ನೋಡಿದ ಹಾಗೆ ಹೇಳ್ತೀಯಲ್ಲ.”

ಈ ಮಾತು ಬರಬಾರದಿತ್ತು. ದೊಡ್ಡಮ್ಮ ಹೋದದ್ದು 2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ. ಅಣ್ಣ ಬರುವ ಹಾಗೆಯೇ ಇರಲಿಲ್ಲ. ಸ್ಮಶಾನದ ಗೇಟಿನ ಹತ್ತಿರ ನಿಂತು ಫೋನ್ ಹಿಡಿದಿದ್ದವನು ನಾನು. ಕೈ ನಡುಗಿ ಚಿತ್ರ ಅಲ್ಲಾಡುತ್ತಿತ್ತು. ಅಣ್ಣ ಆ ಕಡೆಯಿಂದ “ಸ್ವಲ್ಪ ಹತ್ತಿರ ಹಿಡಿಯೋ” ಅಂತ ಎರಡು ಸಲ ಅಂದ. ಹತ್ತಿರ ಹೋಗಲು ಬಿಡುತ್ತಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಕೈಯನ್ನೇ ಇನ್ನಷ್ಟು ಮುಂದೆ ಚಾಚಿದೆ.

ಗುಂಪಿನಲ್ಲಿ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆಯ ಮಗಳು ಚಿನ್ನಿ ಬರೆದಳು. ಅವಳು ಸ್ಟಾಫ್ ನರ್ಸ್, ರಾತ್ರಿ ಪಾಳಿ ಮುಗಿಸಿ ಬಂದಿದ್ದಳು.

ಚಿನ್ನಿ: “ಎಲ್ಲರೂ ಒಂದು ಸಲ ಮೇಲಕ್ಕೆ ಹೋಗಿ ದೊಡ್ಡ ಮಾವನ ಮೆಸೇಜಿನ ಟೈಮ್ ನೋಡಿ. ರಾತ್ರಿ 2:17. ಈಗ ಮೊದಲನೇ ಸಾಲು ಓದಿ.”

ನಾನು ಮೇಲಕ್ಕೆ ಹೋಗಿ ಓದಿದೆ. ನೀವು ಒಬ್ಬರೇ ಇದ್ದಾಗ.

ಚಿನ್ನಿ ಮತ್ತೆ ಬರೆದಳು: “ಮಾವ, ಪುಟ್ಟ ಹೇಳಿದ್ದು ನಿಜ, ಕೆಮ್ಮು ನಂಬಬೇಡಿ. ಆಂಜಿಯೋಗ್ರಾಮ್ ಟೇಬಲ್ ಮೇಲೆ ಬಡಿತ ತಪ್ಪಿದರೆ ಡಾಕ್ಟರು ಕೆಮ್ಮಿಸುವುದು ಉಂಟು. ಅಲ್ಲಿ ಎಲ್ಲರೂ ಪಕ್ಕದಲ್ಲೇ ಇರುತ್ತಾರೆ, ಮನೆಯಲ್ಲಿ ಅದು ಆಗಲ್ಲ. ಎದೆ ಹಿಂಡಿದ ಹಾಗೆ ಆಗಿ, ನೋವು ಕೈಗೋ ದವಡೆಗೋ ಹರಡಿ, ಬೆವರು ಬಂದರೆ ಗ್ಯಾಸ್ ಅಂತ ಕಾಯಬೇಡಿ. ಮೊದಲು 108ಕ್ಕೆ ಫೋನ್. ಬಾಗಿಲು ತೆಗೆದು ಅಲ್ಲೇ ಕೂತುಕೊಳ್ಳಿ, ಓಡಾಡಬೇಡಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬಿಟ್ಟಿಯಾಗಿ ಕೊಡ್ತಾರೆ. ಬೇಗ ಹೋದಷ್ಟೂ ಒಳ್ಳೇದು. ರಾತ್ರಿ ಯಾಕೆ ಎಚ್ಚರ ಇದ್ರಿ ಮಾವ?”

ದೊಡ್ಡಪ್ಪ: “ನಿದ್ದೆ ಬರಲಿಲ್ಲ ಕಣಮ್ಮ. ಬೇರೆ ಏನಿಲ್ಲ.”

ನಮ್ಮ ಮನೆಯಲ್ಲಿ ಸಾವಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಬುದ್ಧಿ ಹೇಳಬಹುದು, ಲೆಕ್ಕ ಕೇಳಬಹುದು, ಹಳೆಯದನ್ನು ನೆನೆಯಬಹುದು, ಜಗಳವನ್ನೂ ಆಡಬಹುದು. ‘ನನಗೆ ಭಯ ಆಗ್ತಿದೆ’ ಅಂತ ಹೇಳಲು ಮಾತ್ರ ಜಾಗ ಇಲ್ಲ. ಗಂಡಸರಿಗಂತೂ ಇಲ್ಲವೇ ಇಲ್ಲ. ಹಾಗಾಗಿ ದೊಡ್ಡಪ್ಪ ಒಂದು ಫಾರ್ವರ್ಡ್ ಕಳಿಸಿದರು.

ಭಾನುವಾರ ತುಮಕೂರಿನಿಂದ ಬೆಳಗಿನ ಬಸ್ಸು ಹತ್ತಿ ಹೋದೆ. ಏಳೂವರೆಗೆ ಬಾಗಿಲು ತಟ್ಟಿದರೆ ಅದು ತಾನಾಗೇ ತೆರೆದುಕೊಂಡಿತು. ಚಿಲಕ ಹಾಕಿರಲಿಲ್ಲ. ದೊಡ್ಡಪ್ಪ ಇನ್ನೂ ಮಲಗಿದ್ದರು. ಪಕ್ಕದ ಕಿಟಕಿ ಕಟ್ಟೆ ಮೇಲೆ ಟಾರ್ಚು, ಚಾರ್ಜಿಗೆ ಹಾಕಿದ ಫೋನು, ಬಿಪಿ ಮಾತ್ರೆ. ಅವುಗಳ ಪಕ್ಕದಲ್ಲಿ ಆ ಗಿಂಡಿ. ದೇವರ ಗೂಡಿನಲ್ಲಿ ಇರಬೇಕಾದದ್ದು ಕೈಗೆ ಸಿಗುವ ಹಾಗೆ ಇತ್ತು.

ಹೊರಗಿನ ಬಾಗಿಲು ಯಾಕೆ ಹೀಗೆ ಅಂತ ಕೇಳಿದೆ. ಅಡುಗೆ ಮನೆಯಲ್ಲಿ ಹಾಲು ಕಾಯಿಸುತ್ತಾ ನನ್ನ ಕಡೆ ನೋಡದೆ ಹೇಳಿದರು.

“ಏನಾದರೂ ಆದರೆ ನೀವು ಬಾಗಿಲು ಒಡೆಯಬೇಕಾಗುತ್ತಲ್ಲ. ತೇಗದ ಬಾಗಿಲು.”

ಎಷ್ಟು ದಿನದಿಂದ ಅಂದೆ. “ಯುಗಾದಿ ಆದಮೇಲೆ.” ರಾತ್ರಿ ಎರಡರ ಹೊತ್ತಿಗೆ ಎಚ್ಚರ ಆಗುತ್ತದಂತೆ. ಎದೆ ಮೇಲೆ ಕೈ ಇಟ್ಟು ಬಡಿತ ಎಣಿಸುತ್ತಾರಂತೆ. ನೂರು ಆಗುವಷ್ಟರಲ್ಲಿ ಎಲ್ಲೋ ಒಂದು ತಪ್ಪಿದ ಹಾಗೆ ಅನ್ನಿಸಿ ಮತ್ತೆ ಮೊದಲಿನಿಂದ. ಪೋಸ್ಟ್ ಆಫೀಸಿನಲ್ಲಿ ಮೂವತ್ತೈದು ವರ್ಷ ದುಡ್ಡು ಎಣಿಸಿದ ಮನುಷ್ಯ.

“ಸಾವಿಗಲ್ಲ ಕಣೋ ಹೆದರಿಕೆ. ಬೆಳಿಗ್ಗೆ ಹಾಲಿನವನು ಬಂದು ಕೂಗ್ತಾನೆ. ಎರಡು ಸಲ ಕೂಗಿ, ಎದ್ದಿಲ್ಲ ಅಂತ ಪ್ಯಾಕೆಟ್ ಇಟ್ಟು ಹೋಗ್ತಾನೆ. ಮಾರನೇ ದಿನವೂ ಇಟ್ಟು ಹೋಗ್ತಾನೆ. ಅದಕ್ಕೆ ಹೆದರಿಕೆ.”

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಇಬ್ಬರೂ ಕಾಫಿ ಕುಡಿದೆವು. ಲೋಟ ತೊಳೆದು ಬೋರಲು ಹಾಕಿದ ಮೇಲೆ ಅವರೇ ಮತ್ತೆ ಹೇಳಿದರು. “ಸುಳ್ಳು ಹೇಳಿದೆ. ಸಾವಿಗೂ ಹೆದರಿಕೆ ಇದೆ. ನಿಮ್ಮ ದೊಡ್ಡಮ್ಮ ಇದ್ದಾಗ ಇರಲಿಲ್ಲ. ಇದ್ದಿದ್ದರೂ ಗೊತ್ತಾಗಿರಲಿಲ್ಲ.”

ಅವತ್ತು ಮಾಡಿದ್ದು ಇಷ್ಟೇ. ಒಂದು ಬೀಗದ ಕೈ ಮಾಡಿಸಿ ಎದುರು ಮನೆ ಮೇಷ್ಟ್ರ ಹೆಂಡತಿ ಕೈಗೆ ಕೊಟ್ಟೆ. ಹೊರಗಿನಿಂದ ಬೀಗದ ಕೈ ಹಾಕಿ ತೆಗೆಯುವ ಬೀಗ ಇರುವುದರಿಂದ ಚಿಲಕದ ಗೋಜೇ ಬೇಡ ಅಂತ ತೋರಿಸಿದೆ. ಹಾಲಿನ ಹುಡುಗನ ನಂಬರ್ ತಗೊಂಡೆ. ಸೋಮವಾರ ಇಸಿಜಿ ಮಾಡಿಸಿದೆವು, ಡಾಕ್ಟರು ಚೆನ್ನಾಗಿದೆ ಅಂದರು. ಬಿಪಿ ಮಾತ್ರೆ ಬದಲಾಯಿಸಿದರು.

ಜುಲೈನಲ್ಲಿ ಸರ್ಕಾರದ ತಜ್ಞರ ಸಮಿತಿಯ ವರದಿ ಬಂತು. ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅದರ ಮುಖ್ಯಸ್ಥರು. 24 ಸಾವುಗಳನ್ನು ನೋಡಿದ್ದರು. ಅದರಲ್ಲಿ ನಾಲ್ಕು ಹೃದಯಕ್ಕೆ ಸಂಬಂಧವೇ ಇಲ್ಲದವು. ಹಾಸನದಲ್ಲಿ ಹೃದಯದ ಸಾವು ವಿಪರೀತವಾಗಿ ಏರಿಲ್ಲ ಅಂತ ಹೇಳಿದ್ದರು. ಪುಟ್ಟ ಅದನ್ನು ಗುಂಪಿಗೆ ಹಾಕಿದ. ಈ ಸಲ ಡಿಲೀಟ್ ಗಿಲೀಟ್ ಅನ್ನಲಿಲ್ಲ. “ದೊಡ್ಡಪ್ಪ, ಇದನ್ನು ಓದಿ, ಸಮಾಧಾನ ಆಗಬಹುದು” ಅಂತ ಬರೆದ.

ದೊಡ್ಡಪ್ಪ: “ಪೂರ್ತಿ ಓದಿದೆ ಪುಟ್ಟ. ಹಗಲು ಹೊತ್ತು ಸಮಾಧಾನ ಆಗುತ್ತೆ.”

ಚಿಕ್ಕಪ್ಪ ಅದಕ್ಕೆ ಏನೋ ಬರೆದು ಅಳಿಸಿದರು. ಆಮೇಲೆ ರಾತ್ರಿ ಒಂಬತ್ತೂವರೆಗೆ ದಿನಾ ದೊಡ್ಡಪ್ಪನಿಗೆ ಫೋನ್ ಮಾಡಲು ಶುರು ಮಾಡಿದ್ದಾರೆ ಅಂತ ಚಿಕ್ಕಮ್ಮ ಹೇಳಿದರು. ಐದು ನಿಮಿಷ, ಮಳೆ ಮತ್ತು ಅಡಿಕೆ ರೇಟು. ಗಿಂಡಿಯ ವಿಷಯ ಅತ್ತೆ ಇನ್ನೂ ಬಿಟ್ಟಿಲ್ಲ.

ಆಗಸ್ಟ್‌ನಲ್ಲಿ ಒಂದು ರಾತ್ರಿ ದೊಡ್ಡಪ್ಪ ಗುಂಪಿನಲ್ಲೇ ಬರೆದರು. ಫಾರ್ವರ್ಡ್ ಅಲ್ಲ, ಅವರದೇ ಮಾತು. ನಾನು ಬೆಳಿಗ್ಗೆ ನೋಡಿದೆ.

2:08, ದೊಡ್ಡಪ್ಪ: “ಎಚ್ಚರ ಆಯಿತು. ಯಾರಾದರೂ ಇದ್ದೀರಾ?”

2:09, ಅಣ್ಣ: “ಇದ್ದೀನಿ ಅಪ್ಪ. ಇಲ್ಲಿ ಇನ್ನೂ ಸಾಯಂಕಾಲ. ಎದೆ ನೋವಾ?”

2:09, ದೊಡ್ಡಪ್ಪ: “ನೋವಿಲ್ಲ. ಸುಮ್ನೆ ಭಯ.”

2:10, ಅಣ್ಣ: “ಆಫೀಸಿಂದ ಈಗ ಹೊರಟೆ. ಮನೆ ತಲುಪೋಕೆ ನಲವತ್ತು ನಿಮಿಷ. ಫೋನ್ ಮಾಡ್ತೀನಿ, ಸ್ಪೀಕರಲ್ಲಿ ಇಡಿ. ಮಾತಾಡಲೇಬೇಕು ಅಂತಿಲ್ಲ.”

2:10, ದೊಡ್ಡಪ್ಪ: “ಮಾಡು.”

ಅದರ ಕೆಳಗೆ ಬೆಳಿಗ್ಗೆ ಆರಕ್ಕೆ ಅರಸೀಕೆರೆ ಅಕ್ಕ ಬರೆದಿದ್ದಳು: “ನನಗೂ ಎಷ್ಟೋ ರಾತ್ರಿ ಹೀಗೆ ಆಗುತ್ತೆ ದೊಡ್ಡಪ್ಪ. ಯಾರಿಗೂ ಹೇಳಿರಲಿಲ್ಲ.”