ಹಿತ್ತಲಿಗೆ ಹಕ್ಕಿ, ಚಿಟ್ಟೆ ಬರಬೇಕು. ಹಾವಿನ ಭಯಕ್ಕೆ ಏನು ಮಾಡಲಿ?

ಕೇಳಿದವರು: ಗೋಪಾಳ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಗೋಪಾಳದಲ್ಲಿ ಹೊಸ ಮನೆಗೆ ಬಂದಿದ್ದೇವೆ. ಹಿಂದೆ ಅರ್ಧ ಸೈಟಿನಷ್ಟು ಜಾಗ ಉಳಿದಿದೆ. ಒಂದು ಹಳೇ ಮಾವಿನ ಮರ, ಕಾಂಪೌಂಡ್ ಬದಿಗೆ ಸ್ವಲ್ಪ ದಾಸವಾಳ, ಗೋಡೆಗೆ ಒತ್ತಿ ಮನೆ ಕಟ್ಟಿಸಿದಾಗ ಉಳಿದ ಇಟ್ಟಿಗೆ ರಾಶಿ. ಮಿಕ್ಕಿದ್ದೆಲ್ಲ ಕಳೆ. ಮಗಳಿಗೆ ಹಕ್ಕಿ, ಚಿಟ್ಟೆ ಅಂದರೆ ಪಂಚಪ್ರಾಣ. ಅತ್ತೆಗೆ ಹಾವು ಅಂದರೆ ಜೀವ ಹೋಗುತ್ತದೆ. ಪೂರ್ತಿ ಸಿಮೆಂಟ್ ಹಾಕಿಸಿ ನಾಲ್ಕು ಕುಂಡ ಇಟ್ಟರೆ ಸಾಕು ಅನ್ನುತ್ತಾರೆ. ಹಕ್ಕಿ, ಚಿಟ್ಟೆಯೂ ಬರಬೇಕು, ಮನೆಯವರೂ ನೆಮ್ಮದಿಯಾಗಿರಬೇಕು. ಹಾಗೆ ಮಾಡಿಕೊಂಡವರು ಇದ್ದರೆ ನಿಮ್ಮ ಅನುಭವ ಹೇಳಿ.

ವಿನೋಬನಗರ, ಶಿವಮೊಗ್ಗ

ಸಿಮೆಂಟ್ ಮಾತ್ರ ಹಾಕಿಸಬೇಡಿ ಅಕ್ಕ. ಅಷ್ಟು ಜಾಗ ಈಗ ಊರೊಳಗೆ ಯಾರಿಗೆ ಸಿಗುತ್ತದೆ?

ಚಿಟ್ಟೆ ಬೇಕು ಅಂದವರೆಲ್ಲ ಮೊದಲು ನರ್ಸರಿಗೆ ಹೋಗಿ ಹೂವಿನ ಗಿಡ ತರುತ್ತಾರೆ. ಹೂವಿಗೆ ಚಿಟ್ಟೆ ಬರುತ್ತದೆ, ಮಕರಂದ ಕುಡಿದು ಹೋಗುತ್ತದೆ, ಅಷ್ಟೇ. ನಿಮ್ಮ ಹಿತ್ತಲಲ್ಲೇ ಹುಟ್ಟಿ ಬೆಳೆಯಬೇಕು ಅಂದರೆ ಮೊಟ್ಟೆ ಇಡುವುದಕ್ಕೆ ಸರಿಯಾದ ಎಲೆ ಬೇಕು. ಒಂದೊಂದು ಚಿಟ್ಟೆಗೂ ಅದರದ್ದೇ ಗಿಡ. ಲಿಂಬೆ, ಕರಿಬೇವು ಇದ್ದರೆ ಲಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಬರುತ್ತವೆ. ಎಕ್ಕದ ಗಿಡಕ್ಕೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್. ಸಂಪಿಗೆಗೆ ಹಸಿರು ಚುಕ್ಕೆಯ ಟೇಲ್ಡ್ ಜೇ. ಈಶ್ವರಿ ಬಳ್ಳಿ ಹಬ್ಬಿಸಿದರೆ ಕ್ರಿಮ್ಸನ್ ರೋಸ್ ಬರುತ್ತದೆ, ಅದೃಷ್ಟ ಇದ್ದರೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ. ಕಪ್ಪು, ಹಳದಿ ರೆಕ್ಕೆ. ಬಿಚ್ಚಿದರೆ ಹತ್ತಿರ ಹತ್ತಿರ ಒಂದು ಗೇಣು. ಅದಕ್ಕೆ ಕುಡಿಯೋಕೆ ರಥಪುಷ್ಪ, ಕೇಪಳ ಹಾಕಿ.

ಲಿಂಬೆ ಗಿಡದ ಎಲೆ ತೂತಾದರೆ ಔಷಧಿ ಹೊಡೆಯಬೇಡಿ. ಮಗಳನ್ನು ಕರೆದುಕೊಂಡು ಹೋಗಿ ಎಲೆಯ ಮೇಲ್ಭಾಗ ನೋಡಿ. ಸಣ್ಣ ಹುಳ ಹಕ್ಕಿ ಹಿಕ್ಕೆಯ ಹಾಗೇ ಕಾಣುತ್ತದೆ, ಕಂದು ಮೈಗೆ ಬಿಳಿ ಪಟ್ಟೆ. ಹಕ್ಕಿಗಳ ಕಣ್ಣು ತಪ್ಪಿಸುವ ಉಪಾಯ ಅದು. ದೊಡ್ಡದಾದ ಮೇಲೆ ಅದೇ ಹುಳ ಎಲೆ ಹಸಿರು. ಹುಲ್ಲಿನ ಎಸಳಿನಿಂದ ಮೆತ್ತಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲಾದ ಕೆಂಪು ಕೊಂಬು ಹೊರಗೆ ಬಂದು ಘಾಟು ವಾಸನೆ ಬಿಡುತ್ತದೆ. ಆಮೇಲೆ ಒಂದು ಕಡ್ಡಿಗೆ ಅಂಟಿಕೊಂಡು, ಸೊಂಟಕ್ಕೆ ಒಂದೆಳೆ ರೇಷ್ಮೆ ಬಿಗಿದುಕೊಂಡು ಕೋಶವಾಗುತ್ತದೆ. ಚೆನ್ನಾಗಿ ಬೇರು ಬಿಟ್ಟ ಗಿಡ ತಿಂದಷ್ಟನ್ನೂ ಮತ್ತೆ ಚಿಗುರಿಸಿಕೊಳ್ಳುತ್ತದೆ. ಅಷ್ಟಕ್ಕೂ ಹುಳ ಇಲ್ಲದ ಹಿತ್ತಲಲ್ಲಿ ಹಕ್ಕಿ ಮರಿ ಸಾಕುವುದು ಹೇಗೆ? ಮಕರಂದ ಕುಡಿಯುವ ಸೂರಕ್ಕಿ ಕೂಡ ಮರಿಗಳಿಗೆ ತಿನ್ನಿಸುವುದು ಹುಳ, ಜೇಡವನ್ನೇ.

ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟದವರು

ಗಿಡದ ವಿಷಯ ಮೇಲೆ ಬಂತು. ನಾನು ನೀರಿನ ಬಗ್ಗೆ ಹೇಳುತ್ತೇನೆ.

ನಮ್ಮದು ಮಳೆ ಸೀಮೆ, ಹಕ್ಕಿಗೆ ನೀರು ಯಾಕೆ ಇಡಬೇಕು ಅನ್ನಿಸಬಹುದು. ಶಿವರಾತ್ರಿ ಕಳೆದ ಮೇಲೆ ನೋಡಿ, ಸಣ್ಣ ಹಳ್ಳಗಳೆಲ್ಲ ಒಣಗಿರುತ್ತವೆ. ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು. ನೀರು ಎರಡು ಇಂಚಿಗಿಂತ ಜಾಸ್ತಿ ಬೇಡ. ನಡುವೆ ಒಂದು ಒರಟು ಕಲ್ಲಿಟ್ಟರೆ ಜೇನುನೊಣ ಮುಳುಗದೆ ಕುಡಿಯುತ್ತದೆ. ನೆರಳಲ್ಲಿಡಿ, ಆದರೆ ಬೆಕ್ಕು ಹೊಂಚು ಹಾಕುವ ಪೊದೆ ಪಕ್ಕದಲ್ಲೇ ಇರಬಾರದು. ದಿನಾ ತಿಕ್ಕಿ ತೊಳೆದು ಹೊಸ ನೀರು ಹಾಕಿ. ಸೊಳ್ಳೆ ಮೊಟ್ಟೆ ಒಡೆದು ಹಾರುವಂತಾಗಲು ಒಂದು ವಾರವಾದರೂ ಬೇಕು, ಹಾಗಾಗಿ ಈ ತಟ್ಟೆಯಿಂದ ಡೆಂಗ್ಯೂ ಬರುವುದಿಲ್ಲ. ನಮ್ಮಲ್ಲಿ ಬೆಳಿಗ್ಗೆ ಮೊದಲು ಬರುವುದು ಪಿಕಳಾರ. ಹರಟೆಮಲ್ಲಗಳು ಗುಂಪು ಕಟ್ಟಿಕೊಂಡು ಬಂದು ಸ್ನಾನ ಮಾಡಿ ತಟ್ಟೆ ಖಾಲಿ ಮಾಡಿ ಹೋಗುತ್ತವೆ.

ಮಳೆಗಾಲದಲ್ಲಿ ನೋಡುವಂಥದ್ದು ಬೇರೆಯೇ ಇದೆ. ನಮ್ಮ ಕೊಟ್ಟಿಗೆ ಹಿಂದಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಗೆ ಜೂನ್, ಜುಲೈನಲ್ಲಿ ಬಿಳೀ ನೊರೆಯ ಮುದ್ದೆ ಅಂಟಿಕೊಂಡಿರುತ್ತದೆ. ಗೊತ್ತಿಲ್ಲದವರು ಯಾರೋ ಸೋಪಿನ ನೊರೆ ಎರಚಿದ್ದಾರೆ ಅಂದುಕೊಳ್ಳುತ್ತಾರೆ. ಅದು ಮಲಬಾರ್ ಹಾರುಗಪ್ಪೆಯ ಗೂಡು. ಹೆಣ್ಣು ಕಪ್ಪೆ ಹಿಂಗಾಲಿನಿಂದ ಕಡೆದು ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆ ಇಡುತ್ತದೆ. ಹೊರಗಿನ ಪದರ ಒಣಗಿ ಗಟ್ಟಿಯಾಗುತ್ತದೆ, ಒಳಗೆ ತೇವ ಹಾಗೇ ಇರುತ್ತದೆ. ಮೊಟ್ಟೆ ಒಡೆದ ಮೇಲೆ ಗೂಡು ಕರಗಿ ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಬೀಳುತ್ತವೆ. ರಾತ್ರಿ ಟಾರ್ಚ್ ಹಿಡಿದರೆ ಕಪ್ಪೆಯ ಹಸಿರು ಮೈ, ಬೆರಳ ನಡುವಿನ ಕೆಂಪು ಪೊರೆ ಕಾಣುತ್ತದೆ. ನಿಮ್ಮ ಪೇಟೆ ಕಡೆ ಬಚ್ಚಲುಮನೆಗೆ ಬರುವ ಕಂದು ಮರಗಪ್ಪೆ ಇದೆಯಲ್ಲ, ಅದೂ ಹೀಗೇ ನೊರೆ ಗೂಡು ಕಟ್ಟುತ್ತದೆ. ತೊಟ್ಟಿ ಇದ್ದರೆ ಒಳಗೆ ಒಂದು ಕೋಲನ್ನು ಓರೆಯಾಗಿ ಇಳಿಬಿಡಿ, ಬಿದ್ದ ಜೀವ ಹತ್ತಿ ಬರುತ್ತದೆ. ಸೊಳ್ಳೆ ಮರಿ ತಿನ್ನಲಿ ಅಂತ ಗ್ಯಾಂಬೂಸಿಯಾ ಮೀನು ಬಿಟ್ಟರೆ ಅವು ಗೊದಮೊಟ್ಟೆಗಳನ್ನೂ ಮುಗಿಸುತ್ತವೆ.

ತೋಟದವರಿಗೆ ಒಂದು ಮಾತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ನಮಗೆ ವಿಧಿ ಇಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಇದು ಎಲ್ಲರೂ ಮಾಡುವುದೇ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೂ ಗೊದಮೊಟ್ಟೆಗೂ ವಿಷ. ಔಷಧಿ ಹೊಡೆಯುವ ದಿನ ತೊಟ್ಟಿ, ನೀರಿನ ತಟ್ಟೆಗಳಿಗೆ ಟಾರ್ಪಾಲು ಮುಚ್ಚಿ. ಡ್ರಮ್ಮು, ಪಂಪು ತೊಳೆದ ನೀರನ್ನು ಹಳ್ಳಕ್ಕೆ, ತೋಟದ ಕಾಲುವೆಗೆ ಬಿಡಬೇಡಿ. ಇಷ್ಟು ಮಾಡಿದರೆ ಬೆಳೆಗೇನೂ ನಷ್ಟವಿಲ್ಲ.

ಸಾಗರ

ಗೂಡಿನ ಬಗ್ಗೆ ಎರಡು ಮಾತು. ಸೂರಕ್ಕಿ ಜನರಿರುವ ಕಡೆಯೇ ಗೂಡು ಕಟ್ಟುತ್ತದೆ. ನಮ್ಮ ಜಗಲಿ ಮುಂದೆ ಬಟ್ಟೆ ಒಣಗಿಸುವ ತಂತಿಯ ತುದಿಯಲ್ಲೇ ಕಟ್ಟಿತ್ತು. ಜೇಡರ ಬಲೆ ತಂದು ತಂದು ನಾರು ಅಂಟಿಸಿ, ಹೊರಗೆ ತೊಗಟೆ ಚೂರು, ಹುಳದ ಹಿಕ್ಕೆ ಎಲ್ಲ ಸಿಕ್ಕಿಸಿ, ಬಾಗಿಲ ಮೇಲೆ ಮಳೆ ಬೀಳದಂತೆ ಒಂದು ಸಣ್ಣ ಮಾಡು ಇಳಿಸುತ್ತದೆ. ಹಾಗಾಗಿ ಜಗಲಿ ಮೂಲೆಯ ಜೇಡರ ಬಲೆಗಳನ್ನು ಎಲ್ಲಾ ಗುಡಿಸಿ ಹಾಕಬೇಡಿ. ಮರಿ ಹಾರುವ ತನಕ ಆ ತಂತಿಗೆ ಬಟ್ಟೆ ಹಾಕಲಿಲ್ಲ. ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ ಅಂತ ಮಕ್ಕಳಿಗೆ ಹೇಳಿ. ಪದೇ ಪದೇ ಹೋದರೆ ತಾಯಿ ಗೂಡು ಬಿಟ್ಟು ಹೋಗಬಹುದು, ಕಾಗೆ ಕಣ್ಣಿಗೂ ಬೀಳುತ್ತದೆ.

ಕೆಳಗೆ ಬಿದ್ದ ಮರಿಯನ್ನು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗೂಡು ಸಿಕ್ಕಿದರೆ ಮೆತ್ತಗೆ ಎತ್ತಿ ಒಳಗಿಡಿ. ಪುಕ್ಕ ಬಂದು ಕುಪ್ಪಳಿಸುವ ಮರಿಯಾದರೆ ಸುಮ್ನೆ ಪೊದೆಯ ಮೇಲೆ ಕೂರಿಸಿ, ಬೆಕ್ಕನ್ನು ಒಳಗೆ ಕಟ್ಟಿ. ಅಪ್ಪ ಅಮ್ಮ ಅಲ್ಲೇ ಎಲ್ಲೋ ಇರುತ್ತವೆ.

ಗೋಡೆ ತೂತಿನಲ್ಲಿ ಮೇಣದ ಸಣ್ಣ ಕೊಳವೆ ಹೊರಗೆ ಚಾಚಿಕೊಂಡಿದ್ದರೆ ಅದು ಮಿಸರಿ ಜೇನು. ಕೊಂಡಿ ಇಲ್ಲ, ಚುಚ್ಚುವುದಿಲ್ಲ. ಸಿಮೆಂಟ್ ಮೆತ್ತಬೇಡಿ.

ಹೊಸನಗರ ತಾಲ್ಲೂಕು, ಆಶಾ ಕಾರ್ಯಕರ್ತೆ

ಹಕ್ಕಿಗೆ ಹಣ್ಣು ಇಡಿ ಅಂತ ಯಾರೂ ಇನ್ನೂ ಹೇಳಿಲ್ಲ, ಒಳ್ಳೆಯದಾಯಿತು. ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟರೆ ಹಕ್ಕಿಗಿಂತ ಮೊದಲು ಮಂಗ ಬರುತ್ತದೆ. ಒಮ್ಮೆ ರೂಢಿಯಾದರೆ ಹೆಂಚು ತೆಗೆದು ಅಡುಗೆಮನೆಗೇ ಇಳಿಯುತ್ತವೆ, ಅಕ್ಕಪಕ್ಕದವರ ಬೆಳೆಯೂ ಹೋಗುತ್ತದೆ. ಹಕ್ಕಿಗೆ ಹಣ್ಣು ಕೊಡಬೇಕು ಅಂದರೆ ಅತ್ತಿ, ನೇರಳೆ, ರಂಜಲು ನೆಡಿ, ಮರವೇ ಕೊಡುತ್ತದೆ.

ಕಾಡಂಚಿನಲ್ಲಿ ಮನೆ ಇರುವವರು ಇದನ್ನು ದಯವಿಟ್ಟು ಓದಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದವರು ಎಷ್ಟು ನೋವು ಉಂಡರು ಅನ್ನುವುದು ಎಲ್ಲರಿಗೂ ನೆನಪಿದೆ. ಹರಡುವುದು ಉಣುಗಿನಿಂದ. ಮಳೆ ಮುಗಿದು ಒಣ ದಿನ ಶುರುವಾದ ಮೇಲೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ತೋಟದಲ್ಲಿ, ಬೆಟ್ಟದಲ್ಲಿ ಮಂಗವೋ ಮುಸಿಯವೋ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಅದರ ಮೈ ಬಿಟ್ಟ ಉಣುಗು ಸುತ್ತಲಿನ ನೆಲದಲ್ಲೇ ಇರುತ್ತದೆ. ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತರಗೆಲೆ ತರಲು ಹೋಗುವಾಗ ಮೈತುಂಬಾ ಬಟ್ಟೆ ಹಾಕಿ, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ನೀವೂ ಬಿಸಿನೀರಲ್ಲಿ ಸ್ನಾನ ಮಾಡಿ. ತಂದ ತರಗೆಲೆಯನ್ನು ಜಗಲಿ ಹತ್ತಿರ ರಾಶಿ ಹಾಕಬೇಡಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಗೋಪಾಳದ ಅಕ್ಕನಿಗೆ ಇದರ ಭಯ ಬೇಡ. ನಿಮ್ಮ ಮಾವಿನ ಎಲೆ ಬಿದ್ದದ್ದು ಗಿಡದ ಬುಡಕ್ಕೇ ಇರಲಿ, ಸುಡಬೇಡಿ.

ಆಗುಂಬೆ ಕಡೆಯವರು

ಹಾವಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಅಕ್ಕ, ಕಪ್ಪೆ, ಹಕ್ಕಿ ಇರುವ ಕಡೆ ಹಾವು ಒಮ್ಮೊಮ್ಮೆ ಹಾದು ಹೋಗುತ್ತದೆ. ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹಾವನ್ನು ಮನೆ ತನಕ ಕರೆತರುವುದು ಗಿಡ ಅಲ್ಲ, ಇಲಿ. ಮೊದಲು ಆ ಇಟ್ಟಿಗೆ ರಾಶಿ ತೆಗೆಸಿ. ಗೋಡೆ ಸುತ್ತ ಮೂರು ಅಡಿ ಬರಿ ನೆಲ ಇರಲಿ, ಗಿಡ, ಪೊದೆ ಎಲ್ಲ ಕಾಂಪೌಂಡ್ ಕಡೆಗೆ. ಬಚ್ಚಲು ಪೈಪಿನ ಬಾಯಿಗೆ ಜಾಲರಿ ಹಾಕಿಸಿ, ಬಾಗಿಲ ಕೆಳಗಿನ ಸಂದು ಮುಚ್ಚಿಸಿ. ಮುಸುರೆ, ಅನ್ನ ಹೊರಗೆ ಚೆಲ್ಲಬೇಡಿ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹಿತ್ತಲಿಗೆ ಕಾಲಿಡಬೇಡಿ. ನೆಲದ ಮೇಲೆ ಮಲಗುವವರಿದ್ದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸೇರಿಸಿ. ಕಟ್ಟುಹಾವು ರಾತ್ರಿ ಒಳಗೆ ಬರುವಂಥದ್ದು, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಬೆಳ್ಳುಳ್ಳಿ ನೀರು, ಗಂಧಕ, ಫಿನಾಯಿಲ್ ಎರಚುವುದರಿಂದ ಏನೂ ಆಗುವುದಿಲ್ಲ.

ಇಲಿ ಪಾಷಾಣ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ತಿಂದ ಗೂಬೆ, ಕೇರೆ ಹಾವು ಕೂಡ ಸಾಯಬಹುದು, ಆಮೇಲೆ ಇಲಿ ಇನ್ನೂ ಜಾಸ್ತಿ. ತರಕಾರಿಗೆ ಪ್ಲಾಸ್ಟಿಕ್ ಬಲೆ ಕಟ್ಟಿದರೆ ನೆಲಕ್ಕೆ ಬಿಡಬೇಡಿ. ಕೇರೆ ಹಾವು ಅದರಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಹೋಗಿ ಮೈ ಕುಯ್ದುಕೊಳ್ಳುವುದನ್ನು ನೋಡಲಾಗುವುದಿಲ್ಲ.

ಅತ್ತೆಯವರಿಗೆ ಕೇರೆ ಹಾವಿನ ಗುರುತು ಹೇಳಿಕೊಡಿ. ಉದ್ದ, ಚುರುಕು, ದೊಡ್ಡ ಕಣ್ಣು, ತುಟಿ ಮೇಲೆ ಕಪ್ಪು ಗೆರೆಗಳು, ಹೆಡೆ ಇಲ್ಲ, ವಿಷ ಇಲ್ಲ. ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ ಅನ್ನುವುದು ಕಟ್ಟುಕತೆ. ಯಾವ ಹಾವು ಅಂತ ಗೊತ್ತಾಗದಿದ್ದರೆ ದೂರ ನಿಂತು, ಹೋಗಲು ದಾರಿ ಬಿಡಿ. ಮನೆಯೊಳಗೆ ಸೇರಿದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಹೊಡೆಯಲು ಹೋದವರಿಗೇ ಕಚ್ಚುವುದು ಜಾಸ್ತಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ನಾಟಿ ಔಷಧಿಗೆ ಓಡಬೇಡಿ. ಓಡಾಡಿಸದೆ ನೇರ ಆಸ್ಪತ್ರೆ. ನಿಮಗೆ ಮೆಗ್ಗಾನ್ ಹತ್ತಿರವೇ ಇದೆ.

ನಮ್ಮೂರಲ್ಲಿ ಕಾಳಿಂಗ ತೋಟದ ಒಳಗೇ ಓಡಾಡುತ್ತದೆ. ಅದು ತಿನ್ನುವುದೇ ಬೇರೆ ಹಾವುಗಳನ್ನು. ಬೇಸಿಗೆ ಕೊನೆಯಲ್ಲಿ ಹೆಣ್ಣು ತರಗೆಲೆ ಒಟ್ಟು ಮಾಡಿ ಗುಡ್ಡೆ ಕಟ್ಟಿ ಒಳಗೆ ಮೊಟ್ಟೆ ಇಡುತ್ತದೆ. ಹೀಗೆ ಗೂಡು ಕಟ್ಟುವ ಹಾವು ಅದೊಂದೇ. 2005ರಿಂದ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಇದೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಅಂತ ಗುರುತಿಸಿ, ನಮ್ಮ ಹೆಸರನ್ನೇ ಇಟ್ಟು ಓಫಿಯೋಫೇಗಸ್ ಕಾಳಿಂಗ ಅಂತ ಕರೆದರು. ಇಲ್ಲಿನ ಹಳಬರು ಅದನ್ನು ಕಂಡರೆ ಕೈಮುಗಿದು ಪಕ್ಕಕ್ಕೆ ನಿಲ್ಲುತ್ತಾರೆ, ಅದು ಅದರ ಪಾಡಿಗೆ ಹೋಗುತ್ತದೆ.

ಕೇಳಿದವರು: ಗೋಪಾಳ, ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಗೋಡೆ ಸುತ್ತ ಬರಿ ನೆಲ ಬಿಡುತ್ತೇವೆ ಅಂದ ಮೇಲೆ ಸಿಮೆಂಟಿನ ಮಾತು ಬಿಟ್ಟರು. ಇಟ್ಟಿಗೆಗೆ ಗಿರಾಕಿ ಸಿಕ್ಕಿದ್ದಾರೆ. ಮೊದಲು ಯಾವ ಗಿಡ ಹಾಕಲಿ, ಯಾವಾಗ?

ವಿನೋಬನಗರ, ಶಿವಮೊಗ್ಗ

ಇಟ್ಟಿಗೆ ಸಾಗಿಸುವವರಿಗೆ ಕೈಯಲ್ಲಿ ಎತ್ತುವ ಮೊದಲು ಗುದ್ದಲಿಯಿಂದ ಕೆದಕಿ ನೋಡಲು ಹೇಳಿ, ಚೇಳು ಇರುತ್ತದೆ. ಗಿಡವನ್ನು ಮುಂಗಾರು ಹಿಡಿದ ಮೇಲೆ ನೆಡಿ, ನೀರು ಹಾಕುವ ಕೆಲಸವೇ ಇರುವುದಿಲ್ಲ. ಬಿಸಿಲು ಬೀಳುವ ಕಡೆ ಲಿಂಬೆ, ಕರಿಬೇವು. ದಾಸವಾಳದ ಸಾಲಿನಲ್ಲೇ ಕೇಪಳ, ರಥಪುಷ್ಪ. ಈಶ್ವರಿ ಬಳ್ಳಿಯನ್ನು ಕಾಂಪೌಂಡ್ ಗೋಡೆಗೆ ಹಬ್ಬಿಸಿ. ಅದನ್ನು ಕಷಾಯ ಗಿಷಾಯ ಮಾಡಿ ಕುಡಿಯುವುದು ಬೇಡ, ಕಿಡ್ನಿಗೆ ವಿಷ. ಅದರ ಬೀಜ ಅಂಗಡಿಯಲ್ಲಿ ಸಿಗುವುದು ಕಷ್ಟ. ನನ್ನ ಹತ್ತಿರ ಇದೆ, ಒಂದು ಭಾನುವಾರ ಮಗಳನ್ನು ಕರೆದುಕೊಂಡು ಬನ್ನಿ, ಕೊಡುತ್ತೇನೆ.