ಊರಿನ ಅಂಗಡಿಗಳ ಡೈರೆಕ್ಟರಿ ಪ್ಲಗಿನ್ ಕೈಕೊಟ್ಟಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ತಾಲ್ಲೂಕಿನ ವರ್ತಕರ ಸಂಘಕ್ಕೆ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿದ್ದೇನೆ. ಡೈರೆಕ್ಟರಿ ಪ್ಲಗಿನ್ (ಸೈಟಿಗೆ ಅಂಗಡಿಗಳ ಪಟ್ಟಿ ಸೇರಿಸುವ ಪೂರಕ ತಂತ್ರಾಂಶ) ಹಾಕಿ 180 ಅಂಗಡಿಗಳನ್ನು ಸೇರಿಸಿದೆ. ಪಟ್ಟಿ ಕಾಣುತ್ತದೆ, ಆದರೆ ಯಾವ ಅಂಗಡಿಯ ಮೇಲೆ ಒತ್ತಿದರೂ 404, ಅಂದರೆ ಪುಟ ಸಿಗಲಿಲ್ಲ ಅಂತ ಬರುತ್ತದೆ. ಕೆಲವು ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇದೆ. ಮ್ಯಾಪ್ ಸರಿಯಾಗಿ ತೆರೆಯುವುದಿಲ್ಲ. ಫಾರ್ಮಿನಲ್ಲಿ 'ಜಿಪ್ ಕೋಡ್' ಅಂತ ಇದ್ದದ್ದನ್ನು ಪ್ಲಗಿನ್ ಫೈಲಿನಲ್ಲೇ ತಿದ್ದಿ 'ಪಿನ್‌ಕೋಡ್' ಮಾಡಿದ್ದೆ, ಅಪ್‌ಡೇಟ್ ಆದ ದಿನ ಎಲ್ಲಾ ಅಳಿಸಿ ಹೋಯಿತು. ಎಲ್ಲಿಂದ ಶುರು ಮಾಡಲಿ?

*

404 ಮೊದಲು. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆರೆಯಿರಿ, ಏನೂ ಬದಲಿಸಬೇಡಿ, ಸುಮ್ನೆ ಸೇವ್ ಒತ್ತಿ. ವಿಳಾಸಗಳ ನಿಯಮ ಮತ್ತೆ ಬರೆದುಕೊಳ್ಳುತ್ತದೆ, ಬಹಳಷ್ಟು ಸಲ ಅಷ್ಟಕ್ಕೇ ಸರಿಯಾಗುತ್ತದೆ. ಆಗದಿದ್ದರೆ ಡೈರೆಕ್ಟರಿ ಬಳಸುವ ಸ್ಲಗ್ (ಪುಟದ ವಿಳಾಸದಲ್ಲಿ ಬರುವ ಹೆಸರಿನ ತುಂಡು) ಹೆಸರಿನಲ್ಲೇ ನೀವು ಇನ್ನೊಂದು ಪುಟ ಮಾಡಿದ್ದೀರಾ ನೋಡಿ. ನನ್ನ ಸೈಟಿನಲ್ಲಿ ಆಗಿದ್ದು ಅದೇ, ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ಕನ್ನಡದವರಿಗೆ ಇದರ ಜೊತೆ ಇನ್ನೊಂದು ತೊಂದರೆ ಇದೆ, ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಹೆಸರು ಕನ್ನಡದಲ್ಲಿ ಹಾಕಿದರೆ ಸ್ಲಗ್ ಕೂಡ ಕನ್ನಡದಲ್ಲೇ ಆಗುತ್ತದೆ, ಮತ್ತೆ ಡೇಟಾಬೇಸಿನಲ್ಲಿ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಕೂರುತ್ತದೆ. ಕನ್ನಡದ ಒಂದೊಂದು ಚಿಹ್ನೆಗೆ 9 ಜಾಗ ಬೇಕು, ಒತ್ತು, ದೀರ್ಘ, ಸೊನ್ನೆ ಎಲ್ಲಾ ಬೇರೆ ಬೇರೆ ಲೆಕ್ಕ, ಸ್ಲಗ್‌ಗೆ ಇರುವ ಜಾಗ ಒಟ್ಟು 200. ಅಂದರೆ 22 ಚಿಹ್ನೆ ಬರುವಷ್ಟರಲ್ಲಿ ಮುಗಿಯಿತು. 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಟ್ರೇಡರ್ಸ್' ಅಂತ ಹಾಕಿ ನೋಡಿ, ಟ್ರೇಡರ್ಸ್ ಪೂರ್ತಿ ಕತ್ತರಿಸಿ ಹೋಗುತ್ತದೆ. ಅದೇ ಊರಿನಲ್ಲಿ 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಸ್ಟೋರ್ಸ್' ಇದ್ದರೆ ಅದಕ್ಕೂ ಅದೇ ವಿಳಾಸ ಬರಬೇಕು, ಹಾಗಾಗಿ ಕೊನೆಗೆ 2 ಸೇರಿಕೊಳ್ಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ನಾಲ್ಕು ಸಾಲು ಶೇಕಡಾ ಚಿಹ್ನೆ ನೋಡಿ ಅಂಗಡಿಯವರು ವೈರಸ್ ಲಿಂಕ್ ಅಂತ ಹೆದರುತ್ತಾರೆ. ಹೆಸರು ಕನ್ನಡದಲ್ಲೇ ಇರಲಿ, ಇರಲೇಬೇಕು, ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೈಯಿಂದ ಹಾಕಿ. ಯಾರಾದರೂ ವಿಸಿಟಿಂಗ್ ಕಾರ್ಡಿನ ಮೇಲೆ ಆ ವಿಳಾಸ ಅಚ್ಚು ಹಾಕಿಸುವ ಮೊದಲೇ ಇದನ್ನು ಮಾಡಿ ಮುಗಿಸಿ.

*

ಪ್ರಶ್ನಾರ್ಥಕ ಚಿಹ್ನೆ ಬಂದಿರುವುದು ಎಕ್ಸೆಲ್ ಶೀಟಿನಿಂದ ಆಮದು ಮಾಡಿದ ಹೆಸರುಗಳಿಗೆ ಮಾತ್ರ ಅಲ್ವಾ? ಸೇವ್ ಮಾಡುವಾಗ ಬರೀ ಸಿಎಸ್‌ವಿ (ಆಮದಿಗೆ ಬಳಸುವ ಸರಳ ಪಟ್ಟಿ ಫೈಲ್) ಆರಿಸಿದರೆ ಕನ್ನಡ ಹಾಳಾಗುತ್ತದೆ. 'ಸಿಎಸ್‌ವಿ ಯುಟಿಎಫ್-8' ಅಂತ ಬೇರೆಯೇ ಒಂದು ಆಯ್ಕೆ ಇದೆ, ಅದನ್ನೇ ತಗೊಳ್ಳಿ. ಹಾಳಾದದ್ದು ಮತ್ತೆ ಸರಿಯಾಗುವುದಿಲ್ಲ, ಮೂಲ ಶೀಟಿನಿಂದ ಇನ್ನೊಮ್ಮೆ ಆಮದು ಮಾಡಬೇಕು.

ನಮ್ಮಲ್ಲಿ ಇನ್ನೂ ಒಂದು ಪಜೀತಿ ಆಗಿತ್ತು. ಸಂಘದ ಹಳೇ ಪಟ್ಟಿಯನ್ನು ಡಿಟಿಪಿಯವರು 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಎಲ್ಲಾ ಕಡೆ ಓದಲು ಬರುವ ಯೂನಿಕೋಡ್ ಅಲ್ಲ. ಅವರ ಕಂಪ್ಯೂಟರಿನಲ್ಲಿ ಚೆಂದವಾಗಿ ಕಾಣುತ್ತದೆ, ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಒಂದೊಂದು ಹೆಸರನ್ನೂ ಕಣ್ಣಲ್ಲಿ ಓದಿ. ನಾವು ಇಬ್ಬರು ಕೂತು ಓದಿದೆವು, ಅರ್ಕಾವತ್ತು ಇದ್ದ ಕಡೆ ಜಾಸ್ತಿ ತಪ್ಪು ಸಿಕ್ಕಿತು. ಜನರ ಹೆಸರು, ಅಂಗಡಿ ಹೆಸರು ತಪ್ಪಾಗಬಾರದು.

*

ಪ್ಲಗಿನ್ ಫೈಲ್ ಮುಟ್ಟಬೇಡಿ. ಅಪ್‌ಡೇಟ್ ಅಂದರೆ ಹಳೇ ಫೋಲ್ಡರ್ ತೆಗೆದು ಹೊಸದು ಇಡುವುದು, ನೀವು ಬರೆದದ್ದು ಉಳಿಯುವ ದಾರಿಯೇ ಇಲ್ಲ. 'ಜಿಪ್ ಕೋಡ್' ತರಹದ ಹೆಸರುಗಳನ್ನು ಬದಲಿಸಲು ಮೊದಲು ಪ್ಲಗಿನ್‌ನ ಫಾರ್ಮ್ ಫೀಲ್ಡ್ಸ್ ಸೆಟ್ಟಿಂಗ್ ನೋಡಿ, ಬಹುತೇಕ ಡೈರೆಕ್ಟರಿಗಳಲ್ಲಿ ಅಲ್ಲೇ ಆಗುತ್ತದೆ. ಉಳಿದ ಬಟನ್, ಸಂದೇಶಗಳಿಗೆ ಲೋಕೋ ಟ್ರಾನ್ಸ್‌ಲೇಟ್ ಅನ್ನುವ ಅನುವಾದದ ಪ್ಲಗಿನ್ ಬಳಸಿ, 'ಕಸ್ಟಮ್' ಜಾಗದಲ್ಲಿ ಉಳಿಸಿದರೆ ಅಪ್‌ಡೇಟ್ ಆದರೂ ಇರುತ್ತದೆ. ಪುಟದ ರೂಪವೇ ಬದಲಾಗಬೇಕಾದರೆ ಚೈಲ್ಡ್ ಥೀಮ್ (ಸೈಟಿನ ವಿನ್ಯಾಸವಾದ ಥೀಮಿಗೆ ನಮ್ಮ ಬದಲಾವಣೆ ಇಡುವ ಉಪ-ಥೀಮ್) ಮಾಡಿ ಪ್ಲಗಿನ್‌ನ ಟೆಂಪ್ಲೇಟ್, ಅಂದರೆ ಪುಟದ ಅಚ್ಚಿನ ಫೈಲ್, ಅದರ ನಕಲನ್ನು ಅಲ್ಲಿಡಿ. ಪ್ಲಗಿನ್ ದೊಡ್ಡ ಅಪ್‌ಡೇಟ್ ಪಡೆದಾಗ ಮಾತ್ರ ನಿಮ್ಮ ನಕಲು ಹಳತಾಗಿದೆಯಾ ಅಂತ ಹೋಲಿಸಿ ನೋಡಬೇಕು.

ಹಾಗೇ ಒಂದು ಸಣ್ಣ ವಿಷಯ. ಥೀಮ್ ಇಂಗ್ಲಿಷ್‌ಗೆ ಮಾಡಿದ್ದಾದರೆ ಸಾಲಿನ ಎತ್ತರ ಕಡಿಮೆ ಇರುತ್ತದೆ, ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿದಂತೆ ಕಾಣುತ್ತದೆ. ಪಟ್ಟಿಯಲ್ಲಿ ಒಂದೊಂದು ಅಂಗಡಿ ತೋರಿಸುವ ಚೌಕಗಳ ಶೀರ್ಷಿಕೆಗೆ ಲೈನ್ ಹೈಟ್ 1.6 ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಕೊಡಿ.

*

ಮ್ಯಾಪ್ ಬಗ್ಗೆ. ಮೇಲೆ ಅಡ್ಡಲಾಗಿ 'ಫಾರ್ ಡೆವಲಪ್‌ಮೆಂಟ್ ಪರ್ಪಸಸ್ ಓನ್ಲಿ' ಅಂತ ಬರುತ್ತಿದ್ದರೆ ಗೂಗಲ್ ಕೀ (ಗೂಗಲ್ ಮ್ಯಾಪ್ ಬಳಸಲು ಗೂಗಲ್ ಕೊಡುವ ಗುರುತಿನ ಸಂಕೇತ) ಹಾಕಿಲ್ಲವಾ, ಅದಕ್ಕೆ ಬಿಲ್ಲಿಂಗ್ ಖಾತೆ ಸರಿಯಾಗಿ ಜೋಡಿಸಿಲ್ಲವಾ ಅಂತ ಮೊದಲು ನೋಡಿ. ಅದು ಬೇಡವಾದರೆ ನಿಮ್ಮ ಪ್ಲಗಿನ್ ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡುವ ಮುಕ್ತ ನಕ್ಷೆ) ಕೊಡುತ್ತದಾ ನೋಡಿ, ಸಣ್ಣ ಊರಿಗೆ ಅದು ಸಾಕು.

ಆದರೆ ಮ್ಯಾಪ್ ತೆರೆದ ಮೇಲೆಯೇ ನಿಜವಾದ ಕೆಲಸ. ನಮ್ಮ ಕಡೆ ವಿಳಾಸ ಅಂದರೆ 'ಹಳೇ ಬಸ್ ಸ್ಟ್ಯಾಂಡ್ ಎದುರು, ಗಣಪತಿ ದೇವಸ್ಥಾನದ ಪಕ್ಕ'. ಇದನ್ನು ಕೊಟ್ಟರೆ ಯಂತ್ರಕ್ಕೆ ಜಾಗ ಸಿಗುವುದಿಲ್ಲ, ಹತ್ತು ಅಂಗಡಿಗಳೂ ಊರಿನ ನಡುವೆ ಒಂದೇ ಪಿನ್‌ನಲ್ಲಿ ಬೀಳುತ್ತವೆ. ನಾನು ಅಂಗಡಿ ಮುಂದೆಯೇ ನಿಂತು, ಫೋನಿನ ಮ್ಯಾಪಿನಲ್ಲಿ ಬೆರಳು ಒತ್ತಿ ಹಿಡಿದು, ಬಂದ ಎರಡು ಸಂಖ್ಯೆಗಳನ್ನು ಹಾಕಿದೆ. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಶಿರಸಿಗೆ 14.6 ಮತ್ತು 74.8. ಅದಲುಬದಲಾದರೆ ಅಂಗಡಿ ನಾರ್ವೆಯ ಉತ್ತರದ ಸಮುದ್ರಕ್ಕೆ ಹೋಗಿ ಕೂರುತ್ತದೆ.

*

ಪ್ರಶ್ನೆ ಕೇಳಿದವನು: ತುಂಬಾ ಉಪಕಾರ. ಪರ್ಮಾಲಿಂಕ್ಸ್ ಸೇವ್ ಮಾಡಿದೆ, 404 ಹೋಗಲಿಲ್ಲ. ಆಮೇಲೆ ನೋಡಿದರೆ 'ಅಂಗಡಿ' ಅಂತ ನಾನೇ ಒಂದು ಖಾಲಿ ಪುಟ ಮಾಡಿಟ್ಟಿದ್ದೆ, ಡೈರೆಕ್ಟರಿಯ ಸ್ಲಗ್ ಕೂಡ ಅದೇ! ಅದನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆದು, ಮತ್ತೆ ಸೇವ್ ಮಾಡಿದೆ. ಈಗ ಎಲ್ಲಾ ಅಂಗಡಿ ತೆರೆಯುತ್ತಿವೆ. ಹೆಸರುಗಳಲ್ಲಿ 31 ಹಾಳಾಗಿದ್ದವು, ಹೊಸ ಸಿಎಸ್‌ವಿಯಿಂದ ಸರಿಯಾದವು. ಮ್ಯಾಪಿಗೆ ಭಾನುವಾರ ಪೇಟೆ ಸುತ್ತಿ ಬರುತ್ತೇನೆ.