ಸೆಕೆಂಡ್ ಹ್ಯಾಂಡ್ ಕೇಮನ್‌ಗೆ ಯಾವ ಆಯಿಲ್? 10ಡಬ್ಲ್ಯೂ-60 ಹಾಕ್ಸಿದ್ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಹೊಗೆ

ನಂದಿಬೆಟ್ಟ_ಭಾನುವಾರ
ಎಲ್ರಿಗೂ ನಮಸ್ಕಾರ, ಇದು ನನ್ನ ಮೊದಲನೇ ಪೋಸ್ಟು, ತಪ್ಪಿದ್ರೆ ಹೊಟ್ಟೆಗಾಕ್ಕೊಳ್ಳಿ. ಎರಡು ತಿಂಗಳ ಹಿಂದೆ 2014ರ ಪೋರ್ಶೆ ಕೇಮನ್ ಎಸ್ ತಗೊಂಡೆ, 981 ಅನ್ನೋ ಮಾಡೆಲ್ಲು, 3.4 ಲೀಟರ್ ಫ್ಲಾಟ್ ಸಿಕ್ಸ್ ಎಂಜಿನ್, 41 ಸಾವಿರ ಕಿಮೀ ಓಡಿದೆ. ಆಯಿಲ್ ಚೇಂಜ್ ಯಾವಾಗ ಮಾಡ್ಸಿದ್ರು ಅಂತ ಹಳೇ ಓನರ್‌ಗೇ ನೆನಪಿರ್ಲಿಲ್ಲ, ಅದಕ್ಕೆ ನಮ್ಮ ಏರಿಯಾದಲ್ಲೇ ದೊಡ್ಡ ಗಾಡಿಗಳನ್ನ ನೋಡೋ ಒಂದು ಗ್ಯಾರೇಜಿಗೆ ಕೊಟ್ಟೆ. ಅಲ್ಲಿನ ಮೇಸ್ತ್ರಿ "ಸರ್ ಇದು ಸ್ಪೋರ್ಟ್ಸ್ ಕಾರು, ನಮ್ಮ ಬಿಸಿಲಿಗೆ ತೆಳ್ಳಗಿರೋ ಆಯಿಲ್ ನಿಲ್ಲಲ್ಲ, ರೇಸಿಂಗ್ ಆಯಿಲ್ ಹಾಕ್ತೀನಿ" ಅಂತ 10ಡಬ್ಲ್ಯೂ-60 ಸುರಿದ್ರು.

ಆಮೇಲಿಂದ ಶುರುವಾಯ್ತು ನೋಡಿ. ಎರಡು ಮೂರು ದಿನ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಹತ್ತು ಹದಿನೈದು ಸೆಕೆಂಡ್ ನೀಲಿ ಬಣ್ಣದ ಹೊಗೆ, ಬೇಸ್‌ಮೆಂಟ್ ತುಂಬಾ, ವಾಚ್‌ಮನ್ ಓಡಿ ಬಂದು ಬೆಂಕಿ ಬಿತ್ತಾ ಸರ್ ಅಂದ. ಜೊತೆಗೆ ಟಿಕ್ ಟಿಕ್ ಅಂತ ಒಂದು ಸೌಂಡು. ಎಂಜಿನ್ ಸ್ವಲ್ಪ ಭಾರ ಆದಂಗೆ ಅನ್ನಿಸ್ತಿದೆ, ಅದು ನನ್ನ ಭ್ರಮೆನೂ ಇರ್ಬಹುದು. ಆದ್ರೆ ಆಯಿಲ್ ಪ್ರೆಷರ್ ಮಾತ್ರ ಮೊದಲಿಗಿಂತ ಚೆನ್ನಾಗಿ ತೋರಿಸ್ತಿದೆ. ಬೋರ್ ಸ್ಕೋರಿಂಗ್ (ಸಿಲಿಂಡರ್ ಗೋಡೆಗೆ ಗೀರು ಬೀಳೋದು) ಅಂತ ಯೂಟ್ಯೂಬ್‌ನಲ್ಲಿ ನೋಡಿ ನಿದ್ದೆ ಹೋಗಿದೆ. ಎಂಜಿನ್ ಬಿಚ್ಚಿಸ್ಬೇಕಾ ಇಲ್ಲ ಆಯಿಲ್ ಬದಲಾಯಿಸಿದ್ರೆ ಸಾಕಾ? ಸಾಕು ಅಂದ್ರೆ ಯಾವ್ದು?

ಟರ್ಬೋ_ತಮ್ಮ
ಬ್ರೋ ಮೇಸ್ತ್ರಿ ಹೇಳಿದ್ದು ಕರೆಕ್ಟ್ ಅನ್ಸುತ್ತೆ. 0ಡಬ್ಲ್ಯೂ ಎಲ್ಲಾ ಹಿಮ ಬೀಳೋ ದೇಶಕ್ಕೆ, ನಮ್ಮಲ್ಲಿ ದಪ್ಪ ಇದ್ದಷ್ಟೂ ಸೇಫು. ಬೇರೆ ಬ್ರ್ಯಾಂಡ್ ಟ್ರೈ ಮಾಡಿ.

ಸ್ಟುಟ್‌ಗಾರ್ಟ್_ಸೀನ
ತಮ್ಮಾ, ಸ್ವಲ್ಪ ತಡಿ. ಈ "ದಪ್ಪ ಇದ್ದಷ್ಟೂ ಸೇಫು" ಅನ್ನೋದು ಅಂಬಾಸಿಡರ್ ಕಾಲದಿಂದ ಬಂದಿರೋ ಮಾತು, ಆಗಿನ ಎಂಜಿನ್‌ಗೆ ಸರಿ ಇತ್ತು. 0ಡಬ್ಲ್ಯೂ-40 ಅಂದ್ರೆ ಬಿಸಿಯಲ್ಲಿ ತೆಳ್ಳಗಿರೋ ಆಯಿಲ್ ಅಂತ ಅಲ್ವೇ ಅಲ್ಲ. ಮೊದಲನೇ ನಂಬರ್ ಚಳೀಲಿ ಹೇಗೆ ಅಂತ ಹೇಳುತ್ತೆ, 0ಡಬ್ಲ್ಯೂಗೆ ಮೈನಸ್ 35 ಡಿಗ್ರೀಲಿ ಟೆಸ್ಟ್, 10ಡಬ್ಲ್ಯೂಗೆ ಮೈನಸ್ 25ರಲ್ಲಿ. ಎರಡನೇ ನಂಬರ್ 100 ಡಿಗ್ರೀಲಿ ಎಷ್ಟು ಗಟ್ಟಿ ಅನ್ನೋದು, 40 ಅಂದ್ರೆ 12.5ರಿಂದ 16.3 ಸೆಂಟಿಸ್ಟೋಕ್ಸ್ (ಆಯಿಲ್ ಗಟ್ಟಿತನದ ಅಳತೆ) ಒಳಗೆ, 60 ಅಂದ್ರೆ 21.9ರಿಂದ ಶುರು. ಬಿಸಿ ಎಂಜಿನ್ನಿಗೆ 0ಡಬ್ಲ್ಯೂ-40, 5ಡಬ್ಲ್ಯೂ-40, 15ಡಬ್ಲ್ಯೂ-40 ಎಲ್ಲಾ ಹತ್ರಹತ್ರ ಒಂದೇ. ಹೊರಗೆ ಬೆಂಗಳೂರಿನ 22 ಡಿಗ್ರಿನೋ ರಾಯಚೂರಿನ 42 ಡಿಗ್ರಿನೋ, ಗಾಡಿ ಓಡಿ ಬಿಸಿಯಾದ್ಮೇಲೆ ಆಯಿಲ್ ಹೆಚ್ಚುಕಮ್ಮಿ 90ರಿಂದ 105ರಲ್ಲೇ ಇರುತ್ತೆ, ಅದನ್ನ ನೋಡ್ಕೊಳ್ಳೋಕೆ ಥರ್ಮೋಸ್ಟಾಟು, ಆಯಿಲ್ ಕೂಲರ್ ಇದೆ.

ಮೈನಸ್ 35 ನಮ್ಮೂರಲ್ಲಿ ಯಾವತ್ತೂ ಬರಲ್ಲ ಸರಿ, ಆದ್ರೆ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಎಂಜಿನ್‌ಗೆ 20 ಡಿಗ್ರಿ ಕೂಡ ಚಳಿನೇ. 40 ಡಿಗ್ರೀಲಿ ಅಳೆದ್ರೆ ಸಾಮಾನ್ಯ 0ಡಬ್ಲ್ಯೂ-40 ಒಂದು 70-80 ಸೆಂಟಿಸ್ಟೋಕ್ಸ್ ಇರುತ್ತೆ, 10ಡಬ್ಲ್ಯೂ-60 ಆದ್ರೆ 150 ದಾಟುತ್ತೆ, ಅಂದ್ರೆ ಡಬಲ್. 20 ಡಿಗ್ರೀಲಿ ಇನ್ನೂ ಜಾಸ್ತಿ. ಎರೆದ ದೋಸೆ ಹಿಟ್ಟಿಗೂ ಇಡ್ಲಿ ಹಿಟ್ಟಿಗೂ ಇರೋ ವ್ಯತ್ಯಾಸ ಅದು. ಪ್ರೆಷರ್ ಚೆನ್ನಾಗಿದೆ ಅಂದ್ರಲ್ಲ, ಅದಕ್ಕೆ ಖುಷಿ ಪಡ್ಬೇಡಿ, ಆಯಿಲ್ ಹೋಗೋಕೆ ಒದ್ದಾಡ್ತಿದೆ ಅಂತಾನೂ ಪ್ರೆಷರ್ ಜಾಸ್ತಿ ತೋರಿಸುತ್ತೆ. ಬೇರಿಂಗಿಗೆ ಬೇಕಿರೋದು ಹರಿವು.

10ಡಬ್ಲ್ಯೂ-60 ಕೆಟ್ಟ ಆಯಿಲ್ ಅಂತಲ್ಲ. ಬಿಎಂಡಬ್ಲ್ಯೂನವರು ಇ46 ಎಂ3ಯ ಎಸ್54 ಎಂಜಿನ್ನಿಗೆ, ಇ60 ಎಂ5ರ ವಿ10ಗೆ ಅದನ್ನೇ ಹೇಳ್ತಾರೆ. ಅದನ್ನ ನೋಡಿ "ರೇಸಿಂಗ್ ಆಯಿಲ್" ಅಂತ ಎಲ್ಲಾ ಸ್ಪೋರ್ಟ್ಸ್ ಕಾರಿಗೂ ಸುರಿಯೋ ಅಭ್ಯಾಸ ಬಂದಿದೆ. ನಿಮ್ಮ ಎಂಜಿನ್ನಿಗೆ ಪೋರ್ಶೆಯವರು ಹೇಳಿರೋದು ಎ40 ಅಪ್ರೂವಲ್ ಇರೋ 0ಡಬ್ಲ್ಯೂ-40 ಅಥವಾ 5ಡಬ್ಲ್ಯೂ-40. ಗ್ರೇಡ್‌ಗಿಂತ ಆ ಎ40 ಮುಖ್ಯ. ಅದಕ್ಕೆ ಅವರದ್ದೇ ಎಂಜಿನ್ ಮೇಲೆ 200 ಗಂಟೆ ಮೇಲ್ಪಟ್ಟು ಟೆಸ್ಟ್ ನಡೆಯುತ್ತೆ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಓಟವನ್ನ ಬೆಂಚ್ ಮೇಲೆ ಅನುಕರಿಸೋದೂ ಅದರಲ್ಲಿ ಸೇರಿದೆ. ಎಚ್‌ಟಿಎಚ್‌ಎಸ್ ಅಂತ ಇನ್ನೊಂದು ಅಳತೆ ಇದೆ, 150 ಡಿಗ್ರೀಲಿ ಜೋರಾಗಿ ಉಜ್ಜಿದಾಗ ಆಯಿಲ್ ಪದರ ಎಷ್ಟು ಗಟ್ಟಿ ನಿಲ್ಲುತ್ತೆ ಅಂತ. ಅದು 3.5 ಮೇಲಿರ್ಬೇಕು.

ಹುಬ್ಳಿ_ಹಾರ್ಸ್‌ಪವರ್
ಸೀನಣ್ಣಾರು ಹೇಳಿದ್ದು ಖರೆ, ಆದ್ರ ಹೊಗಿಗೆ ಕಾರಣ ಗ್ರೇಡ್ ಅಷ್ಟ ಅಲ್ಲ ಅಂತ ನನಗ ಅನಸ್ತೈತಿ. ನಂದಿಬೆಟ್ಟದವ್ರ, ಮೂರು ಪ್ರಶ್ನಿ ಕೇಳ್ತೀನಿ ಉತ್ತರಾ ಕೊಡ್ರಿ. ಬಿಲ್‌ನ್ಯಾಗ ಎಷ್ಟು ಲೀಟರ್ ಅಂತ ಬರದಾರ? ಗಾಡಿ ನಿಲ್ಲಸೋ ಜಾಗ ಸಪಾಟ ಐತೋ ಇಳಿಜಾರ ಐತೋ? ಆಯಿಲ್ ಹಾಕಿದ ಮ್ಯಾಲ ಲೆವೆಲ್ ಯಾರರ ನೋಡ್ಯಾರೇನು? 981ಕ್ಕ ಡಿಪ್‌ಸ್ಟಿಕ್ ಇಲ್ರೀ, ಮೀಟರ್‌ನ್ಯಾಗ ನೋಡಬೇಕು. ಭಾಳ ಮಂದಿ ಮೇಸ್ತ್ರಿಗೋಳಿಗೆ ಇದು ಗೊತ್ತಿಲ್ಲ, ಬೋನೆಟ್ ತಗದು ಕಡ್ಡಿ ಹುಡುಕ್ತಾರ, ಅಲ್ಲಿ ನೋಡಿದ್ರ ಬ್ಯಾಗ್ ಇಡೋ ಜಾಗ.

ನಂದಿಬೆಟ್ಟ_ಭಾನುವಾರ
ಹುಬ್ಳಿ ಸರ್, ಬಿಲ್ಲಲ್ಲಿ 9 ಲೀಟರ್ ಅಂತಿದೆ. ಒಂದೊಂದು ಲೀಟರಿನ ಒಂಬತ್ತು ಡಬ್ಬ, ಖಾಲಿ ಡಬ್ಬ ಕೂಡ ಡಿಕ್ಕೀಲಿ ಇಟ್ಟಿದ್ರು ಲೆಕ್ಕ ತೋರಿಸೋಕೆ. ಪಾರ್ಕಿಂಗ್ ಸ್ಲಾಟು ರ‍್ಯಾಂಪ್ ಪಕ್ಕದಲ್ಲೇ ಇರೋದು, ಗಾಡಿ ಒಂದು ಸೈಡಿಗೆ ವಾಲಿರುತ್ತೆ. ಲೆವೆಲ್ ಯಾರಾದ್ರೂ ನೋಡಿದ್ರಾ ನನಗೆ ಗೊತ್ತಿಲ್ಲ, ನಾನಂತೂ ನೋಡಿಲ್ಲ.

ಹುಬ್ಳಿ_ಹಾರ್ಸ್‌ಪವರ್
ಸಿಕ್ಕಿತು ನೋಡ್ರಿ! ಆ ಎಂಜಿನ್ನಿಗೆ ಫಿಲ್ಟರ್ ಸಹಿತ ಸುಮಾರು ಏಳೂವರಿ ಲೀಟರ್ ಹಿಡೀತೈತಿ, ನಿಮ್ಮ ಮ್ಯಾನ್ಯುಯಲ್‌ನ್ಯಾಗ ಒಮ್ಮೆ ಖಾತ್ರಿ ಮಾಡ್ಕೋರಿ. ಒಂಬತ್ತು ಸುರದಾರಂದ್ರ ಒಂದೂವರಿ ಲೀಟರ್ ಜಾಸ್ತಿ ಆತು.

ಈಗ ಹೊಗಿ ಯಾಕಂದ್ರ, ಫ್ಲಾಟ್ ಎಂಜಿನ್ನಿನ್ಯಾಗ ಸಿಲಿಂಡರ್ ಮಲಗಿರ್ತಾವು. ನಿಂತ ಎಂಜಿನ್ನಿನ್ಯಾಗ ಆಯಿಲ್ ಕೆಳಗ ಇಳದು ಹೋಗ್ತೈತಿ, ಇಲ್ಲಿ ಪಿಸ್ಟನ್ ರಿಂಗ್ ಹತ್ರ ನಿಂತಗೊಂಡು ಸಾವಕಾಶ ಒಳಗ ಜಿನಗತೈತಿ. ಅದಕ್ಕ ನಾಕು ದಿನಾ ನಿಲ್ಲಿಸಿ ಚಾಲೂ ಮಾಡಿದ್ರ ಒಂದೀಟ ಹೊಗಿ ಬರೂದು ಸಹಜ, ಇಳಿಜಾರಿನ್ಯಾಗ ನಿಲ್ಲಿಸಿದ್ರ ಇನ್ನೂ ಜಾಸ್ತಿ. ಅದರ ಮ್ಯಾಲ ಓವರ್‌ಫಿಲ್ ಆದ್ರ ಕ್ರ್ಯಾಂಕ್‌ಕೇಸಿನ ಗಾಳಿ ಜೋಡಿ ಆಯಿಲ್ ಮಂಜು ಸೆಪರೇಟರಿಗೆ (ಗಾಳಿಯಿಂದ ಆಯಿಲ್ ಬ್ಯಾರೆ ಮಾಡೂ ಭಾಗ) ಹೊಕ್ಕೈತಿ, ಅಲ್ಲಿಂದ ಇನ್‌ಟೇಕ್ ಒಳಗ, ಅಲ್ಲಿಂದ ಸುಟ್ಟು ನಿಮ್ಮ ವಾಚ್‌ಮನ್ ಮೂಗಿಗೆ. ಹಿಂಗ ಬಿಟ್ರ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗ್ತೈತಿ, ಅದರ ರೇಟ್ ನಾ ಇಲ್ಲಿ ಬರ್ಯಾಂಗಿಲ್ಲ, ನೀವು ರಾತ್ರಿ ಮಲಗಬೇಕಲ್ಲ.

ನೋಡೂದು ಹೆಂಗಂದ್ರ, ಅರ್ಧಾ ತಾಸು ಓಡಿಸಿ ಆಯಿಲ್ ಬಿಸಿ ಮಾಡ್ರಿ, ಸಪಾಟ ನೆಲದ ಮ್ಯಾಲ ನಿಲ್ಲಸ್ರಿ, ಎಂಜಿನ್ ಐಡಲ್ ಬಿಟ್ಟು ಮೀಟರ್ ಮೆನುನ್ಯಾಗ ಆಯಿಲ್ ಲೆವೆಲ್‌ಗೆ ಹೋಗ್ರಿ. ರ‍್ಯಾಂಪ್ ಮ್ಯಾಲ ನೋಡಬ್ಯಾಡ್ರಿ, ಸುಳ್ಳ ಹೇಳ್ತೈತಿ.

ಸ್ಪ್ಯಾನರ್_ಶೆಟ್ರು
ಎಂತ ಮಾರಾಯ್ರೆ, ಒಂಬತ್ತು ಲೀಟರಾ! ಹೆಚ್ಚು ಹಾಕಿದ್ರೆ ಹೆಚ್ಚು ಒಳ್ಳೇದು ಅಂತ ಇದೇನು ತೆಂಗಿನೆಣ್ಣೆಯಾ ತಲೆಗೆ ಹಚ್ಚಲಿಕ್ಕೆ.

ಒಂದು ವಿಷಯ ಹೇಳ್ತೇನೆ, ಇನ್ನು ಮೇಲೆ ಆಯಿಲ್ ನೀವೇ ತಗೊಂಡು ಹೋಗಿ ಕೊಡಿ. ಡಬ್ಬದ ಮುಂದೆ ಬರೆದದ್ದು ಓದ್ಬೇಡಿ, ಮುಂದೆ ಬರೀ ಕಾರಿನ ಫೋಟೋ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. ಅಲ್ಲಿ "ಅಪ್ರೂವಲ್ಸ್" ಅಂತ ಹೇಳಿ ಅದರ ಕೆಳಗೆ ಪೋರ್ಶೆ ಎ40 ಉಂಟಾ ನೋಡಿ. ಕೆಲವು ಡಬ್ಬದಲ್ಲಿ "ಮೀಟ್ಸ್ ದ ರಿಕ್ವೈರ್‌ಮೆಂಟ್ಸ್" ಅಥವಾ "ರೆಕಮೆಂಡೆಡ್ ಫಾರ್" ಅಂತ ಇರ್ತದೆ, ಅದು ಆಯಿಲ್ ಕಂಪೆನಿಯವರೇ ತಮ್ಮ ಬೆನ್ನು ತಟ್ಟಿಕೊಳ್ಳುವುದು, ಪೋರ್ಶೆಯವರು ಸೈನ್ ಹಾಕಿದ್ದಲ್ಲ. ಒಂದೇ ಕಂಪೆನಿಯ ಎರಡು 5ಡಬ್ಲ್ಯೂ-40ರಲ್ಲಿ ಒಂದಕ್ಕೆ ಎ40 ಇರ್ತದೆ, ಇನ್ನೊಂದಕ್ಕೆ ಇರುವುದಿಲ್ಲ, ಹಾಗಾಗಿ ಬ್ರ್ಯಾಂಡ್ ಹೆಸರು ಹೇಳಿ ತರ್ಲಿಕ್ಕೆ ಹುಡುಗನನ್ನು ಕಳಿಸ್ಬೇಡಿ.

ಮತ್ತೆ ಆ ಖಾಲಿ ಡಬ್ಬ ಗುಜರಿಗೆ ಕೊಡುವ ಮೊದಲು ಚೂರಿಯಲ್ಲಿ ತೂತು ಮಾಡಿ. ಇಲ್ಲದಿದ್ರೆ ಅದರಲ್ಲೇ ಬೇರೆ ಎಂತದೋ ತುಂಬಿಸಿ ಮತ್ತೆ ಮಾರ್ತಾರೆ. ಅರ್ಧ ರೇಟಿಗೆ ಸಿಂಥೆಟಿಕ್ ಸಿಗ್ತದೆ ಅಂದ್ರೆ ಅದು ಎಲ್ಲಿಂದ ಬರ್ತದೆ ಅಂದ್ಕೊಂಡ್ರಿ?

ಟರ್ಬೋ_ತಮ್ಮ
ಸರಿ ಸೀನಣ್ಣ, ಒಪ್ಕೊಂಡೆ. ಹಾಗಾದ್ರೆ ನನ್ನ ಆಕ್ಟೇವಿಯಾ ಆರ್‌ಎಸ್ 230ಗೆ 5ಡಬ್ಲ್ಯೂ-30 ಹಾಕಿದ್ದಾರೆ, 504 00 ಅಂತ ಬರ್ದಿದೆ. ತಿಂಗಳಿಗೊಂದ್ಸಲ ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗ್ತೀನಿ. 30 ಅಂದ್ರೆ ತೆಳ್ಳಗಾಯ್ತಲ್ವಾ?

ಸ್ಟುಟ್‌ಗಾರ್ಟ್_ಸೀನ
504 00 ಅನ್ನೋದು ಫೋಕ್ಸ್‌ವ್ಯಾಗನ್‌ನವರ ಆಯಿಲ್ ಅಪ್ರೂವಲ್ ನಂಬರು, ಅದಿದ್ರೆ 30 ಗ್ರೇಡ್ ಆದ್ರೂ ಎಚ್‌ಟಿಎಚ್‌ಎಸ್ 3.5 ಇರ್ಲೇಬೇಕು, ಅದಕ್ಕೇ ನಾನು ಬರೀ ಗ್ರೇಡ್ ನೋಡ್ಬೇಡಿ ಅಂತ ಬಡ್ಕೊಳ್ಳೋದು. ದಿನದ ಓಡಾಟಕ್ಕೆ ಸಾಕು. ಟ್ರ್ಯಾಕಿಗೆ ಹೋಗ್ತೀಯ ಅಂದ್ರೆ 502 00 ಇರೋ 5ಡಬ್ಲ್ಯೂ-40 ಹಾಕು, ಬೇಗ ಬದಲಾಯಿಸು. ಆಯಿಲ್ ಟೆಂಪರೇಚರ್ 130 ಹತ್ರ ಬಂದ್ರೆ ಒಂದು ಲ್ಯಾಪ್ ನಿಧಾನ ಹೋಗು. 508 00 ಅಂತ ಹಸಿರು ಬಣ್ಣದ 0ಡಬ್ಲ್ಯೂ-20 ಬರುತ್ತೆ, ಅದು ನಿನ್ನ ಎಂಜಿನ್ನಿಗಲ್ಲ, ಯಾರು ಫ್ರೀ ಕೊಟ್ರೂ ಬೇಡ. ಈಗ ನಂದಿಬೆಟ್ಟದವ್ರ ಥ್ರೆಡ್ ಹೈಜಾಕ್ ಮಾಡ್ಬೇಡ.

ನಂದಿಬೆಟ್ಟ_ಭಾನುವಾರ
ಅಪ್‌ಡೇಟ್. ದೇವನಹಳ್ಳಿ ಕಡೆ ಒಂದು ರೌಂಡ್ ಹೋಗಿ ಬಂದು ಪೆಟ್ರೋಲ್ ಬಂಕ್ ಸಪಾಟು ಜಾಗದಲ್ಲಿ ನಿಲ್ಲಿಸಿ ಹುಬ್ಳಿ ಸರ್ ಹೇಳ್ದಂಗೆ ನೋಡಿದೆ, ಮೀಟರ್ ಮೇಲಿನ ಗೆರೆ ದಾಟಿ ನಿಂತಿತ್ತು. ಮಾರನೇ ದಿನವೇ ಬೇರೆ ಕಡೆ ಲಿಫ್ಟ್ ಮೇಲೆ ಹಾಕ್ಸಿ ಆಯಿಲ್ ಇಳಿಸಿದ್ವಿ, ನಾನೇ ಪಕ್ಕದಲ್ಲಿ ನಿಂತು ಅಳತೆ ಡಬ್ಬಕ್ಕೆ ಸುರಿಸಿದೆ, 8.8 ಲೀಟರ್ ಬಂತು! ಹೊಸ ಫಿಲ್ಟರ್, ಡ್ರೇನ್ ಪ್ಲಗ್ಗಿಗೆ ಹೊಸ ವಾಶರ್, ಹಿಂದೆ ತಿರುಗಿಸಿ ಓದಿ ತಂದ ಎ40 ಇರೋ 0ಡಬ್ಲ್ಯೂ-40. ಒಟ್ಟಿಗೇ ಸುರಿಯದೆ ಮೊದಲು ಏಳು ಹಾಕಿ, ಬಿಸಿ ಮಾಡಿ ಲೆವೆಲ್ ನೋಡಿ, ಆಮೇಲೆ ಇನ್ನರ್ಧ.

ಈಗ ಹತ್ತು ದಿನ ಆಯ್ತು. ಮೂರು ದಿನ ನಿಲ್ಲಿಸಿ ಸ್ಟಾರ್ಟ್ ಮಾಡಿದ್ರೆ ಒಂದು ಸಣ್ಣ ಪುಸ್ ಅಷ್ಟೇ, ವಾಚ್‌ಮನ್ ತಿರುಗಿಯೂ ನೋಡಲ್ಲ. ಸ್ಲಾಟ್ ಕೂಡ ಮೇಲಿನ ಮನೆಯವ್ರ ಜೊತೆ ಬದಲಾಯಿಸ್ಕೊಂಡೆ. ಆದ್ರೆ ಎರಡು ಡೌಟು. ಟಿಕ್ ಟಿಕ್ ಹೋಗಿಲ್ಲ. ಬಿಸಿಯಾದ್ಮೇಲೆ ಐಡಲ್‌ನಲ್ಲಿ ಪ್ರೆಷರ್ ಮೊದಲಿಗಿಂತ ಕಮ್ಮಿ ತೋರಿಸ್ತಿದೆ, ನೋಡಿ ಎದೆ ಧಸಕ್ ಅಂತು.

ಸ್ಟುಟ್‌ಗಾರ್ಟ್_ಸೀನ
ಪ್ರೆಷರ್ ಕಮ್ಮಿ ಆಗ್ಲೇಬೇಕು, ಆಯಿಲ್ ಸರಾಗ ಹೋಗ್ತಿದೆ ಈಗ. ಆಕ್ಸಿಲರೇಟರ್ ಕೊಟ್ಟಾಗ ಮೇಲೇರುತ್ತೆ ಅಲ್ವಾ? ವಾರ್ನಿಂಗ್ ಇಲ್ಲ ಅಲ್ವಾ? ಮುಗೀತು. ಟಿಕ್ ಟಿಕ್ ಬಗ್ಗೆ, ಅದು ಡೈರೆಕ್ಟ್ ಇಂಜೆಕ್ಷನ್ ಎಂಜಿನ್, ಇಂಜೆಕ್ಟರ್ ಹೊಲಿಗೆ ಮಿಷನ್ ಥರ ಸದ್ದು ಮಾಡೇ ಮಾಡುತ್ತೆ. ಒಂದೇ ಕಡೆಯಿಂದ ದಪ್ಪಗೆ ಟಕ್ ಟಕ್ ಅಂತ, ಬಿಸಿಯಾದಂಗೆಲ್ಲಾ ಜಾಸ್ತಿಯಾದ್ರೆ ಮಾತ್ರ ಬೋರೋಸ್ಕೋಪ್ (ಒಳಗೆ ತೂರಿಸೋ ಸಣ್ಣ ಕ್ಯಾಮೆರಾ) ಹಾಕ್ಸಿ ಸಿಲಿಂಡರ್ ಗೋಡೆ ನೋಡಿಸಿ. ಬೋರ್ ಸ್ಕೋರಿಂಗ್ ಅಂತ ನೀವು ನೋಡಿದ್ದು ಬಹುತೇಕ ಹಳೇ ಎಂ96, ಎಂ97 ಎಂಜಿನ್ನಿನ ಕಥೆ. ನಿಮ್ಮದು ಅದರ ನಂತರದ 9ಎ1.

ಸೆಪರೇಟರ್ ಕೂಡ ಒಮ್ಮೆ ಪರೀಕ್ಷೆ ಮಾಡಿ, ಐಡಲ್‌ನಲ್ಲಿರುವಾಗ ಹಿಂದಿನ ಡಿಕ್ಕೀಲಿರೋ ಆಯಿಲ್ ಕ್ಯಾಪ್ ತೆಗೆಯೋಕೆ ಹೋದಾಗ ಬಿಡದಂಗೆ ಜೋರಾಗಿ ಎಳೆದು ಹಿಡಿದ್ರೆ ಅದರ ಡಯಾಫ್ರಮ್ ಹರಿದಿದೆ ಅಂತ ಅನುಮಾನ ಪಡ್ಬೇಕು. ಇನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಕಿಲೋಮೀಟರ್ ಏರಲ್ಲ, ಎಂಜಿನ್ ಮಾತ್ರ ಓಡ್ತಿರುತ್ತೆ, ಅದಕ್ಕೆ ಓಡ್ಲಿ ಬಿಡ್ಲಿ ವರ್ಷಕ್ಕೊಂದ್ಸಲ ಬದಲಾಯಿಸಿ.

ನಂದಿಬೆಟ್ಟ_ಭಾನುವಾರ
ಕ್ಯಾಪ್ ಸಲೀಸಾಗಿ ಬಂತು, ಐಡಲ್ ಸ್ವಲ್ಪ ತಡವರಿಸ್ತು ಅಷ್ಟೇ. ಎಲ್ರಿಗೂ ತುಂಬಾ ಥ್ಯಾಂಕ್ಸ್, ಹುಬ್ಳಿ ಸರ್‌ಗೆ ಒಂದು ಗಿರ್ಮಿಟ್ ಬಾಕಿ. ಕೊನೇ ಪ್ರಶ್ನೆ, ಎಂಟು ಲೀಟರ್ ತಂದಿದ್ದೆ, ಅರ್ಧ ಲೀಟರ್ ಉಳಿದಿದೆ. ಅಪ್ಪ ತಮ್ಮ ಬುಲೆಟ್‌ಗೆ ಹಾಕ್ತೀನಿ ಕೊಡು ಅಂತಿದ್ದಾರೆ, ಪೋರ್ಶೆ ಆಯಿಲ್ ಅಂತ ಫ್ರೆಂಡ್ಸ್ ಹತ್ರ ಹೇಳ್ಕೊಳ್ಳೋಕೆ. ಕೊಡ್ಲಾ?

ಸ್ಪ್ಯಾನರ್_ಶೆಟ್ರು
ಕೊಡ್ಬೇಡಿ ಮಾರಾಯ್ರೆ! ಬುಲೆಟ್ಟಿನ ಕ್ಲಚ್ಚು ಆಯಿಲಲ್ಲೇ ಮುಳುಗಿರ್ತದೆ, ಅದಕ್ಕೆ ಜಾಸೋ ಎಂಎ ಅಂತ ಬರೆದ ಬೈಕಿನ ಆಯಿಲೇ ಬೇಕು, ಕಾರಿನದ್ದು ಹಾಕಿದ್ರೆ ಕ್ಲಚ್ ಸ್ಲಿಪ್ ಆಗ್ಲಿಕ್ಕುಂಟು. ಮುಚ್ಚಳ ಗಟ್ಟಿ ಮಾಡಿ ಟಾಪ್ ಅಪ್‌ಗೆ ಅಂತ ಮುಂದಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಅಪ್ಪನಿಗೆ ಖಾಲಿ ಡಬ್ಬ ಕೊಡಿ, ಶೋಕೇಸಿನಲ್ಲಿ ಇಡ್ಲಿ. ತೂತು ಮಾಡಿಯೇ ಕೊಡಿ.